ಭಾವ ಓದಿ ಹೇಳಿದ ಜಪಾನಿ ಕಥೆ

ಮನೆಮನೆಗೆ ಇಂಟರ್ನೆಟ್ ಹಾಕುವವನು ವೈರ್ ಎಳೆದು, ಬಾಕ್ಸ್ ಕೂರಿಸಿ, ಕೊಟ್ಟ ಚಹಾ ಕುಡಿದು ಸುಮ್ಮನೆ ಬಂದರೆ ಯಾವ ತಾಪತ್ರಯವೂ ಇಲ್ಲ. ಆದರೆ ದಾವಣಗೆರೆಯಲ್ಲಿ ಯಾರ ಮನೆಗೆ ಹೋದರೂ ಬಾಗಿಲ ಹತ್ತಿರ ಒಂದು ಮಾತು ಬಂದೇ ಬರುತ್ತದೆ: "ಎಲ್ಲಾ ಸರಿ ಮಾಡಿದ್ರಿ, ಈಗ ಏನು ನೋಡಬೇಕು ಅಂತಾನೂ ನೀವೇ ಹೇಳಿಬಿಡ್ರಿ." ನಾನು ಹೇಳಿಬಿಡುತ್ತೇನೆ. ಎಡವಟ್ಟುಗಳು ಅಲ್ಲಿಂದ ಶುರುವಾದವು, ಇವತ್ತಿಗೂ ನಿಂತಿಲ್ಲ.

ನನಗೆ ಜಪಾನಿನ ಸಿನಿಮಾ, ಧಾರಾವಾಹಿಗಳ ಹುಚ್ಚು. ಒಮ್ಮೆ ಯಾರದೋ ಮನೆಯಲ್ಲಿ ನೆಟ್ಟಿನ ವೇಗ ನೋಡಲು ಕೈಗೆ ಸಿಕ್ಕಿದ್ದನ್ನು ಒತ್ತಿದೆ. ಟಿವಿಯಲ್ಲಿ ಜಪಾನಿನ ಒಬ್ಬ ಮುದುಕ ಕೂತು ಛತ್ರಿ ರಿಪೇರಿ ಮಾಡುತ್ತಿದ್ದ. ವೇಗ ನೋಡಿ ಮುಗಿದರೂ ನಾನು ಮೇಲೇಳಲಿಲ್ಲ. ಯಾರೂ ಕೂಗಾಡುವುದಿಲ್ಲ, ಅತ್ತೆ ಸೊಸೆಯ ಹಾಲಿಗೆ ವಿಷ ಬೆರೆಸುವುದಿಲ್ಲ, ಒಂದೇ ಮುಖವನ್ನು ಮೂರು ದಿಕ್ಕಿನಿಂದ ಗುಡುಗು ಹೊಡೆಸಿ ತೋರಿಸುವುದಿಲ್ಲ. ಅವತ್ತಿನಿಂದ ಅಂಟಿಕೊಂಡಿತು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡಬೇಕು. ಹರಿಹರದಲ್ಲಿ ನನ್ನ ಅಕ್ಕ, ಭಾವ ಇದ್ದಾರೆ. ಒಂದೇ ಮನೆ, ಒಂದೇ ಒಲೆ, ಆದರೆ ಮಾತಿಲ್ಲ. ನಮ್ಮ ಅವ್ವ ದಾವಣಗೆರೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದಾಗ "ಅಕ್ಕನ್ನ ಬೇಗ ಕರ್ಕಂಬರ್ರಿ" ಎಂದು ನಾನು ಭಾವನಿಗೆ ಫೋನ್ ಮಾಡಿದ್ದೆ. ಅಕ್ಕ ಆಗಷ್ಟೇ ಊಟಕ್ಕೆ ಕೂತಿದ್ದಳು. ಉಣ್ಣುವವರನ್ನು ಎಬ್ಬಿಸಬಾರದು ಎಂದು ಭಾವ ಸುಮ್ಮನಿದ್ದರು. ಅವಳು ನಿಧಾನವಾಗಿ ಉಂಡು, ಕೈ ತೊಳೆದ ಮೇಲೆ ವಿಷಯ ಹೇಳಿದರು. ಅವರು ಬಂದು ಮುಟ್ಟುವ ಹೊತ್ತಿಗೆ ಅವ್ವ ಇರಲಿಲ್ಲ. "ಆ ತುತ್ತು ಇನ್ನೂ ನನ್ನ ಗಂಟಲಾಗೆ ಐತೆ" ಎಂದು ಅಕ್ಕ ಹೇಳಿದವಳು, ಗಂಡನ ಜೊತೆ ಮಾತು ಬಿಟ್ಟಳು.

ಮಾತು ಬಿಟ್ಟರೂ ಸಂಸಾರ ನಡೆಯಬೇಕಲ್ಲ. ನಾನು ಇಲ್ಲಿ ಕಂಬದ ಮೇಲಿರುತ್ತೇನೆ, ಅಕ್ಕ ಹರಿಹರದ ಅಡಿಗೆಮನೆಯಿಂದ ಫೋನ್ ಮಾಡುತ್ತಾಳೆ: "ನಿಮ್ಮ ಭಾವಗೆ ಹೇಳಪಾ, ಗ್ಯಾಸ್ ಮುಗಿದೈತೆ." ನಾನು ಕಂಬದ ಮೇಲಿನಿಂದಲೇ ಭಾವನಿಗೆ ಫೋನ್ ಮಾಡುತ್ತೇನೆ. ಅವರು ಅದೇ ಮನೆಯ ಪಡಸಾಲೆಯಲ್ಲಿ ಕೂತು, "ಕೇಳಿಸ್ತು ಅಂತ ಹೇಳು" ಎನ್ನುತ್ತಾರೆ. ಇವರಿಬ್ಬರನ್ನು ಒಂದು ಕಡೆ ಕೂರಿಸುವಂಥ ಜಪಾನಿ ಕಥೆ ಸಿಕ್ಕೀತೇ ಎಂದು ನಾನು ಹುಡುಕುತ್ತಲೇ ಇದ್ದೆ. ಗಿರಾಕಿಗಳ ಮನೆಯಲ್ಲಿ ಪ್ರಯೋಗ ಮಾಡಿ, ಆಮೇಲೆ ಹರಿಹರಕ್ಕೆ ಒಯ್ಯುವುದು ನನ್ನ ಲೆಕ್ಕಾಚಾರ.

ಸಮುದ್ರ ನಿಂತುಹೋದದ್ದು

ಶಾಮನೂರಿನ ಹೊಸ ಲೇಔಟಿನಲ್ಲಿ ನಿವೃತ್ತ ಹೆಡ್‌ಮಾಸ್ಟರೊಬ್ಬರು ಗೋಡೆಯಷ್ಟು ದೊಡ್ಡ ಟಿವಿ ತಂದಿದ್ದರು. "ಹೊಡೆದಾಟ, ತಬ್ಬಿಕೊಳ್ಳೋದು ಏನೂ ಇರಬಾರ್ದು. ಮನೆ ಮಂದಿ ಎಲ್ಲಾ ಕೂತು ನೋಡೋ ಪಿಚ್ಚರ್ ಹೇಳ್ರಿ" ಎಂದರು. ಅಂಥದ್ದೇ ಒಂದಿತ್ತು. ಕಡಲ ತೀರದಲ್ಲಿ ಒಬ್ಬ ಒಂಟಿ ಮನುಷ್ಯ, ಅವನ ಒಂದು ಕೋಣೆ. ಹಾಕಿಕೊಟ್ಟು ಬಂದೆ.

ಸಂಜೆ ಫೋನ್ ಬಂತು. "ಏನ್ರೀ ನಿಮ್ಮ ನೆಟ್ಟು, ಸ್ಟಕ್ ಆಗಿ ನಿಂತೈತೆ! ಆವಾಗಿಂದ ಚಿತ್ರ ಅಲ್ಲಾಡವಲ್ದು." ಹೊಸ ಗಿರಾಕಿ, ಬಿಡಲಾಗುತ್ತದೆಯೇ? ಬೈಕ್ ಹತ್ತಿ ಓಡಿದೆ. ಹೋಗಿ ನೋಡಿದರೆ ನೆಟ್ ಚೆನ್ನಾಗಿಯೇ ಇದೆ. ಆ ಮನುಷ್ಯ ಕಿಟಕಿಯ ಬಳಿ ಕೂತು ಸಮುದ್ರ ನೋಡುತ್ತಿದ್ದಾನೆ. ಮೇಷ್ಟ್ರ ಮನೆಮಂದಿಯೆಲ್ಲ ಸೋಫಾದ ಮೇಲೆ ಕೂತು ಅವನನ್ನು ನೋಡುತ್ತಿದ್ದಾರೆ.

"ನಿಂತಿಲ್ಲ ಸಾರ್, ನಡೀತಾ ಐತೆ. ಅವನಿಗೆ ಮನಸ್ಸಿನಾಗೆ ಭಾಳ ದುಃಖ ಐತೆ. ನೋಡ್ರಿ, ಕಿಟಕಿ ಪರದೆ ಅಲ್ಲಾಡ್ತೈತೆ" ಎಂದು ತೋರಿಸಿದೆ.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಪರದೆಯನ್ನೂ ನೋಡಿದರು, ನನ್ನನ್ನೂ ನೋಡಿದರು. "ಪರದೆ ಅಲ್ಲಾಡೋದು ನೋಡಾಕ ನಮ್ಮನೇಲಿ ಕಿಟಕಿ ಇಲ್ಲೇನ್ರಿ?"

ಮುದ್ದೆಯಾದ ಅನ್ನ

ಸಿನಿಮಾ ಬೇಡ, ಅಡಿಗೆಯ ಧಾರಾವಾಹಿ ಆದರೆ ಯಾರಿಗೂ ಬೇಸರವಾಗದು ಎಂದು ಬುದ್ಧಿ ಓಡಿಸಿದೆ. ಮಲೆಬೆನ್ನೂರಿನಲ್ಲಿ ಭತ್ತದ ಗದ್ದೆಯವರ ಮನೆಯೊಂದಕ್ಕೆ ಹೇಳಿದೆ. ಊರೂರು ತಿರುಗಿ ಉಣ್ಣುವ ಒಬ್ಬ ಆಫೀಸಿನವನ ಕಥೆ. ಪ್ರತಿ ಕಂತಿನ ಕೊನೆಗೂ ಅವನು ಬಿಸಿ ಅನ್ನದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ತುತ್ತು ತಿಂದು, ಕಣ್ಣು ಮುಚ್ಚಿ ಕಣ್ಣೀರು ಹಾಕುತ್ತಾನೆ.

ಆ ಮನೆಯ ಸೊಸೆ ಅನ್ನ ಮಾಡಿದರೆ ಯಾವಾಗಲೂ ಮುದ್ದೆಯಾಗುತ್ತಿತ್ತಂತೆ. ಅನ್ನ ಮಲ್ಲಿಗೆ ಹೂವಿನ ಹಾಗೆ ಬಿಡಿಬಿಡಿಯಾಗಿರಬೇಕು ಎಂದು ಅತ್ತೆ ದಿನವೂ ಅನ್ನುತ್ತಿದ್ದರು. ನಾನು ಇನ್ನೊಮ್ಮೆ ಅಲ್ಲಿಗೆ ವೈರ್ ಸರಿಮಾಡಲು ಹೋದಾಗ ಸೊಸೆಯ ಗತ್ತೇ ಬೇರೆಯಾಗಿತ್ತು. "ನೀವೇ ಹೇಳ್ರಣ್ಣ, ಜಪಾನಿನಾಗೆ ಅನ್ನ ಹೆಂಗಿರ್ತೈತೆ? ಅಂಟಂಟಾಗಿ ಇರ್ತೈತೋ ಇಲ್ವೋ? ಅದನ್ನ ಉಂಡು ಆ ಮನುಷ್ಯ ಖುಷಿಗೆ ಅಳ್ತಾನೋ ಇಲ್ವೋ?"

ನಾನು ಏಣಿಯ ಮೇಲಿದ್ದೆ. ಹೌದೆಂದರೆ ಅತ್ತೆ, ಇಲ್ಲವೆಂದರೆ ಸೊಸೆ. "ಅಳ್ತಾನೆ" ಎಂದಷ್ಟೇ ಹೇಳಿದೆ.

ಅತ್ತೆ ಕೇರುತ್ತಿದ್ದ ಮೊರ ಕೆಳಗಿಟ್ಟರು. "ಅಳದೆ ಏನು ಮಾಡ್ತಾನೆ? ಅವನ ಪಾಲಿಗೂ ನಿನ್ನಂಥೋಳೇ ಗಂಟು ಬಿದ್ದಾಳೆ."

ಅವತ್ತಿನಿಂದ ಆ ಮನೆಯಲ್ಲಿ ಅತ್ತೆಗೊಂದು ಅನ್ನ, ಸೊಸೆಗೊಂದು ಅನ್ನ. ಒಗ್ಗಟ್ಟಾಗಿ ಜಗಳವಾಡುತ್ತಿದ್ದ ಮನೆಯನ್ನು ಎರಡು ಕುಕ್ಕರ್ ಮಾಡಿದ ಪಾಪ ನನ್ನದು. ಅಡಿಗೆಯ ಧಾರಾವಾಹಿಯನ್ನು ಹರಿಹರಕ್ಕೆ ಒಯ್ಯುವ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಬಾಗುವ ಅಂಗಡಿ

ದಾವಣಗೆರೆಯ ಒಂದು ಸೀರೆ ಅಂಗಡಿಯ ಮಾಲೀಕರಿಗೆ ಹಳೇ ಕಾಲದ ವಸತಿಗೃಹದ ಧಾರಾವಾಹಿ ಹೇಳಿದ್ದೆ. ಅದರಲ್ಲಿ ಬಂದವರಿಗೆಲ್ಲ ಕೆಲಸದವರು ಸೊಂಟ ಬಗ್ಗಿಸಿ ನಮಸ್ಕರಿಸುತ್ತಾರೆ. ಮಾಲೀಕರಿಗೆ ಅದು ತಲೆಗೇರಿತು. "ವ್ಯಾಪಾರ ಅಂದ್ರೆ ಅದು ಕಣ್ರೀ" ಎಂದು ಮರುದಿನವೇ ಸೇಲ್ಸಿನವರನ್ನೆಲ್ಲ ಬಾಗಿಲಲ್ಲಿ ಸಾಲಾಗಿ ನಿಲ್ಲಿಸಿದರು. ಗಿರಾಕಿ ಬಂದರೆ ಎಲ್ಲರೂ ಒಟ್ಟಿಗೆ ಬಾಗಬೇಕು.

ಮದುವೆ ಜವಳಿಗೆಂದು ಲೋಕಿಕೆರೆಯಿಂದ ಒಂದು ದೊಡ್ಡ ಕುಟುಂಬ ಬಂತು. ಮುಂದೆ ಅಜ್ಜಿ. ಎಲ್ಲರೂ ಬಾಗಿದರು. ಅಜ್ಜಿ ಗಾಬರಿಯಾಗಲಿಲ್ಲ. ಒಬ್ಬೊಬ್ಬರ ತಲೆಯ ಮೇಲೂ ಕೈಯಿಟ್ಟು, "ಚೆನ್ನಾಗಿರಪ್ಪ, ಬೇಗ ಕಂಕಣ ಕೂಡಿ ಬರ್ಲಿ" ಎಂದು ಸಾಲು ಮುಗಿಯುವವರೆಗೂ ಹರಸಿದರು. ಅದರಲ್ಲಿ ಇಬ್ಬರಿಗೆ ಮದುವೆಯಾಗಿ ಮಕ್ಕಳಿದ್ದವು. ಮಾಲೀಕರು ಖುಷಿಯಾಗಿ ತಾವೂ ಗಲ್ಲಾಪೆಟ್ಟಿಗೆ ಬಿಟ್ಟು ಬಂದು ಬಾಗಿದರು.

ಜವಳಿಯೆಲ್ಲ ಆರಿಸಿ, ಬಿಲ್ ಆದ ಮೇಲೆ ಅಜ್ಜಿ ಮಾಲೀಕರ ಎದುರು ಕುರ್ಚಿ ಎಳೆದುಕೊಂಡು ಕೂತರು. "ಹಿರೇರು ಅಂತ ಮಾನ ಕೊಟ್ಟು ಆಶೀರ್ವಾದ ತಗಂಡೀಯ. ಅಂದ್ಮೇಲೆ ಇನ್ನು ನೀನು ಬ್ಯಾರೇನೋನಾ ಮಗನೇ? ಮನೆ ಮಗನಂಗೆ ರೇಟು ಹಾಕು."

ಟಿವಿಯ ಜೊತೆ ಮಾತು

ಇಷ್ಟೆಲ್ಲ ಆದ ಮೇಲೆ ಹರಿಹರಕ್ಕೆ ಒಂದು ಕಥೆ ಸಿಕ್ಕಿತು. ಯಾವುದೋ ದ್ವೀಪದ ದೋಣಿಕಟ್ಟೆಯ ಹತ್ತಿರ ಚಹಾದಂಗಡಿ ಇಟ್ಟುಕೊಂಡ ಗಂಡ ಹೆಂಡತಿ, ಇಬ್ಬರೂ ಮುದುಕರು, ಇಬ್ಬರದೂ ಮಾತು ಕಡಿಮೆ. ಸಮಸ್ಯೆ ಏನೆಂದರೆ ಮಾತೆಲ್ಲ ಜಪಾನಿಯಲ್ಲಿ, ಕೆಳಗೆ ಬರುವ ಸಾಲು ಇಂಗ್ಲಿಷಿನಲ್ಲಿ. ಭಾವ ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದು ನಿವೃತ್ತರಾದವರು, ಇಂಗ್ಲಿಷ್ ಓದುತ್ತಾರೆ. ಅಕ್ಕನಿಗೆ ಕನ್ನಡ ಮಾತ್ರ. ಭಾವ ಓದಿ ಹೇಳದೆ ಅವಳಿಗೆ ಕಥೆ ತಿಳಿಯುವುದಿಲ್ಲ; ಆ ಸಮಸ್ಯೆಯೇ ನನಗೆ ದಾರಿಯಾಗಿ ಕಂಡಿತು. ಹಾಕಿಕೊಟ್ಟು, ಕಂಪ್ಲೇಂಟ್ ಬಂದಿದೆ ಎಂದು ಸುಳ್ಳು ಹೇಳಿ ಹೊರಗೆ ಅಂಗಳದಲ್ಲಿ ನಿಂತೆ.

ಒಳಗೆ ಬಹಳ ಹೊತ್ತು ಜಪಾನಿನವರ ಸದ್ದು ಮಾತ್ರ ಕೇಳಿಸಿತು. ಆಮೇಲೆ ಅಕ್ಕ ಟಿವಿಯನ್ನು ಕೇಳಿದಳು, "ಯಾಕ ಮುಖ ಊದಿಸ್ಕಂಡಾಳೆ ಅವಳು?"

ಭಾವನೂ ಟಿವಿಗೇ ಹೇಳಿದರು, "ಮೀನು ತರೋದು ಮರೆತು ಬಂದಾನೆ ಅವನು."

"ಗಂಡಸ್ರು ಎಲ್ಲಾ ಕಡೆ ಒಂದೇ."

ನನಗೆ ಅಂಗಳದಲ್ಲೇ ಕಣ್ಣು ತುಂಬಿ ಬಂತು. ಆ ವಾರವೆಲ್ಲ ಗ್ಯಾಸಿನ ಫೋನ್ ಬರಲಿಲ್ಲ. ಗ್ಯಾಸ್ ಮುಗಿದದ್ದನ್ನೂ ಟಿವಿಗೇ ಹೇಳಿಕೊಳ್ಳುತ್ತಿದ್ದರೇನೋ.

ಒಂದು ಸಂಜೆ ನಾನೂ ಹೋಗಿ ಜೊತೆಗೆ ಕೂತೆ. ಮುದುಕ ಚಹಾ ಕುಡಿಯುತ್ತಾ ಏನೋ ಅಂದ. ಮಳೆ ಬರುವ ಹಾಗಿದೆ ಎಂದು ಕೆಳಗೆ ಇಂಗ್ಲಿಷಿನಲ್ಲಿ ಬಂತು. ಭಾವ ಗಂಟಲು ಸರಿಮಾಡಿಕೊಂಡು, "'ನಿನ್ನ ಕೈ ರುಚಿ ಯಾರಿಗೂ ಬರಂಗಿಲ್ಲ' ಅಂತಾನೆ" ಎಂದರು. ನಾನು ಬೆಚ್ಚಿಬಿದ್ದು ಅವರ ಮುಖ ನೋಡಿದೆ. ಅವರು ನನ್ನ ಕಡೆ ತಿರುಗಲಿಲ್ಲ. "ಇಷ್ಟು ದಿನ ಬಾಯಾಗೆ ಏನಿಟ್ಕಂಡಿದ್ದ ಅಂತ?" ಎಂದಳು ಅಕ್ಕ.

ಕಂತಿನ ಕೊನೆಗೆ ಮುದುಕ ದೋಣಿಕಟ್ಟೆಯಲ್ಲಿ ನಿಂತು ಹೆಂಡತಿಗೆ ಒಂದೇ ಮಾತು ಹೇಳಿದ. ಕೊನೆಯ ದೋಣಿ ಹೋಯಿತು ಎಂದು ಕೆಳಗೆ ಬಂತು, ಅಷ್ಟೇ. ಭಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ದನಿ ತೆಗೆದರು. "'ಅವತ್ತು ಫೋನ್ ಬಂದ ಕೂಡ್ಲೇ ನಿನಗೆ ಹೇಳಬೇಕಿತ್ತು. ತುತ್ತು ಎತ್ತಿದೋಳನ್ನ ಹೆಂಗೆ ಎಬ್ಬಿಸ್ಲಿ ಅಂತ ಸುಮ್ನಾದೆ. ನನ್ನದು ತಪ್ಪಾತು' ಅಂತಾನೆ."

ಅಕ್ಕ ಟಿವಿಯನ್ನೇ ನೋಡುತ್ತಿದ್ದಳು. "ಅಷ್ಟು ಸಣ್ಣ ಮಾತಿಗೆ ಇಷ್ಟುದ್ದ ಅರ್ಥನಾ?"

"ಜಪಾನಿ ಭಾಷೆ ಹಂಗೇ" ಎಂದರು ಭಾವ.

"ಅವನ ಹೆಂಡ್ತಿ ಏನಂದ್ಲು?"

"ಇನ್ನೂ ಏನೂ ಅಂದಿಲ್ಲ."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ನಾಳೆ ಏನಂತಾಳೋ ನೋಡಾಣ."

ಕೈ ಅಭ್ಯಾಸ

ಆ ನಾಳೆಯನ್ನು ಹಾಳುಮಾಡಿದವನು ನಾನು. ರಾತ್ರಿಯ ಗುಡುಗಿಗೆ ಅಕ್ಕನ ಮನೆಯ ಬಾಕ್ಸ್ ಸುಟ್ಟುಹೋಗಿತ್ತು. ಬೆಳಿಗ್ಗೆ ಹೋಗಿ ಹೊಸದು ಕೂರಿಸಿದೆ. ಟಿವಿ ಹಚ್ಚಿ ಆ ಧಾರಾವಾಹಿ ತೆಗೆದರೆ, ಹೊಸದಾಗಿ ಕನ್ನಡದ ದನಿಯೂ ಬಂದಿತ್ತು. ಯಾರ ಮನೆಗೆ ಹೋದರೂ, ಅವರು ಕೇಳಲಿ ಬಿಡಲಿ, ಕನ್ನಡ ಇದ್ದರೆ ಕನ್ನಡ ಹಾಕಿಕೊಟ್ಟು ಬರುವುದು ನನ್ನ ಪದ್ಧತಿ. ಇಷ್ಟು ವರ್ಷದ ಕೈ, ತಲೆಯನ್ನು ಕೇಳದೆ ಒತ್ತಿಬಿಟ್ಟಿತು. ಒತ್ತಿ, ಹೊಳೆಯ ಸೇತುವೆ ದಾಟಿ ಬೇರೆ ಕೆಲಸಕ್ಕೆ ಹೋದೆ. ಹಾಳು ಕೈ.

ಸಂಜೆ ಮುದುಕಿ ಬಾಯಿ ತೆರೆದಳು. "ಇಂದು ಮೀನು ಬಹಳ ತಾಜಾ ಇದೆ" ಎಂದು ಪುಸ್ತಕದ ಕನ್ನಡದಲ್ಲಿ ಹೇಳಿದಳಂತೆ. ಅಕ್ಕ ಆ ಕಂತನ್ನು ಕೊನೆಯವರೆಗೂ ನೋಡಿದಳು. ಆಮೇಲೆ ಹಿಂದಿನ ದಿನದ ಕಂತನ್ನು ಮತ್ತೆ ಹಾಕಿದಳು. "ಕೊನೆಯ ದೋಣಿ ಹೊರಟುಹೋಯಿತು" ಎಂದ ಮುದುಕ. ಬೇರೆ ಏನೂ ಅನ್ನಲಿಲ್ಲ. ಆ ಹೊತ್ತಿಗೆ ಭಾವ ಕುರ್ಚಿ ಎತ್ತಿಕೊಂಡು ಅಂಗಳಕ್ಕೆ ಹೋಗಿಬಿಟ್ಟಿದ್ದರು.

ಬೆಳಿಗ್ಗೆ ನಾನು ಕಂಬದ ಮೇಲಿದ್ದಾಗ ಫೋನ್ ಬಂತು. "ನಿಮ್ಮ ಭಾವಗೆ ಹೇಳಪಾ, ಹಾಲು ಬಂದಿಲ್ಲ."

ನಿಂತಿದ್ದ ಫೋನ್ ಮತ್ತೆ ಶುರುವಾದಾಗಲೇ ನಾನು ಒತ್ತಿ ಬಂದ ಕನ್ನಡ ನೆನಪಾಯಿತು. ಮಾಡುತ್ತಿದ್ದ ಕೆಲಸ ಬಿಟ್ಟು ಹರಿಹರಕ್ಕೆ ಓಡಿದೆ. ಭಾವ ಅಂಗಳದಲ್ಲಿ ಪೇಪರ್ ಹಿಡಿದು ಕೂತಿದ್ದರು. ನಾನು ಬಂದದ್ದು ಗೊತ್ತಾದರೂ ತಲೆ ಎತ್ತಲಿಲ್ಲ. ಬಾಯಿಗೆ ಬಾರದ ಮಾತನ್ನು ಬೇರೆಯವನ ಬಾಯಲ್ಲಿಟ್ಟು ಹೇಗೋ ದಾಟಿಸಿದ್ದ ಮನುಷ್ಯ. ಆ ಬಾಯನ್ನೂ ನಾನು ಕಸಿದುಕೊಂಡಿದ್ದೆ. ಹತ್ತಿರ ಹೋಗಿ "ಭಾವ, ನಂದು ತಪ್ಪಾತು" ಅಂದೆ. ಅವರು ಪೇಪರಿನ ಹಾಳೆ ತಿರುವಿದರು.

ಒಳಗೆ ಅಕ್ಕ ಟಿವಿಯ ಮುಂದೆ ಕೂತಿದ್ದಳು. "ಆ ಕನ್ನಡ ತೆಗೀಪಾ. ಮುಂಚಿನಂಗೇ ಜಪಾನಿ ಹಾಕು" ಎಂದಳು. ಹಾಕಿದೆ. ಮುದುಕ ಮುದುಕಿ ಮತ್ತೆ ಜಪಾನಿಯಲ್ಲಿ ಮಾತಾಡತೊಡಗಿದರು. ಅಕ್ಕ ಟಿವಿಯಿಂದ ಕಣ್ಣು ತೆಗೆಯದೆ, "ಶುರುವಾತು ಅಂತ ಹೇಳು ಅವರಿಗೆ" ಎಂದಳು.

ಅಂಗಳಕ್ಕೆ ಬಂದು ಹೇಳಿದೆ.

"ಕನ್ನಡಕ ಒಡೆದೈತೆ, ಓದಾಕ ಆಗಲ್ಲ ಅಂತ ಹೇಳು" ಎಂದರು ಭಾವ. ಕನ್ನಡಕ ಅವರ ಮೂಗಿನ ಮೇಲೇ ಇತ್ತು, ಪೇಪರ್ ಕೈಯಲ್ಲಿತ್ತು.

ಒಳಗೆ ಹೋಗಿ ಅದನ್ನೂ ಹೇಳಿದೆ. ಅಕ್ಕ ಪಕ್ಕದಲ್ಲಿದ್ದ ಖಾಲಿ ಕುರ್ಚಿಯ ಮೇಲಿನ ಬಟ್ಟೆಯ ರಾಶಿಯನ್ನು ಎತ್ತಿ ಮಂಚದ ಮೇಲೆ ಹಾಕಿದಳು. ಈ ಸಲ ನನಗೆ ಹೇಳಲಿಲ್ಲ. ಅಂಗಳಕ್ಕೆ ಕೇಳಿಸುವ ಹಾಗೆ ಟಿವಿಗೇ ಹೇಳಿದಳು:

"ಒಡೆದ್ರೆ ಒಡೀಲಿ, ಬಂದು ಕೂಡ್ರಾಕ ಹೇಳು. ಮೊನ್ನೆ ತಪ್ಪಾತು ಅಂದಿದ್ದನ್ನ ಏನು ಓದಿ ಹೇಳಿದ್ರಾ?"