ಲೋಳೆಸರವನ್ನು ಮೊದಲು ತಿಂದವರು ಯಾರು?

“ಮಾದಪ್ಪನ ನಾಯಿ ಲೋಳೆಸರ ತಿಂದಿತು, ಅದನ್ನು ನೋಡಿ ಪಕ್ಕದ ಮನೆಯ ಯಜಮಾನರೂ ತಿಂದರು.” ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಹುಟ್ಟಿದ ಈ ಕಥೆ ಒಂದು ಕಡೆ ಹನೂರಿಗೂ ಇನ್ನೊಂದು ಕಡೆ ಯಳಂದೂರಿನ ನಮ್ಮ ನೆಂಟರ ಮನೆಗೂ ತಲುಪಿದೆ. ಹೇಳುವವರು ಹೆಚ್ಚಾದರೆಂದು ನಾನು ಅದನ್ನು ಒಪ್ಪತಕ್ಕವನಲ್ಲ. ಘಟನೆ ನಡೆದ ಸ್ಥಳದಲ್ಲಿ ನಾನು ಖುದ್ದಾಗಿ ಹಾಜರಿದ್ದೆ. ಆದಕಾರಣ ನಿಜಾಂಶವನ್ನು ಬರೆದಿಡುವುದು ನನ್ನ ಕರ್ತವ್ಯ. ನಾಯಿಯನ್ನು ನೋಡಿ ನಾನು ಕಲಿಯಲಿಲ್ಲ. ನನ್ನನ್ನು ನೋಡಿ ನಾಯಿ ಕಲಿಯಿತು!

ಹೋದ ಬೇಸಿಗೆಯಲ್ಲಿ ನನ್ನ ಹೆಂಡತಿ ಪುಟ್ಟಮ್ಮ ಲೋಳೆಸರದ ಗಿಡವೊಂದನ್ನು ಬೇರುಸಹಿತ ತಂದು, ಅರಿಶಿನ ಕುಂಕುಮ ಹಚ್ಚಿ, ದೃಷ್ಟಿ ತಾಗದಿರಲೆಂದು ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟಿಸಿದಳು. ಕಟ್ಟಿದವನು ನಾನು. ಹಗ್ಗ ಉದ್ದವಾಯಿತು. ಒಳಗೆ ಬರುವವರ ಹಣೆಗೆಲ್ಲ ಎಲೆ ಬಡಿಯುತ್ತಿತ್ತು. ಹಗ್ಗ ಗಿಡ್ಡ ಮಾಡಿ ಎಂದು ಅವಳೆಂದಳು. ದೊಡ್ಡವರ ಮನೆಗೆ ಬಗ್ಗಿ ಬರುವುದೇ ಲಕ್ಷಣ ಎಂದು ನಾನೆಂದೆ. ಗಿಡ ಅಲ್ಲೇ ತೂಗಾಡುತ್ತಿತ್ತು.

ಪಕ್ಕದ ಮನೆಯ ಮಾದಪ್ಪ ರೇಷ್ಮೆಗೂಡಿನ ವ್ಯಾಪಾರಿ. ಒಂದು ಬೆಳಗ್ಗೆ ಗೂಡು ಕೊಳ್ಳಲು ಹನೂರಿಗೆ ಹೊರಟವನು ತನ್ನ ನಾಯಿ ಕೆಂಚನನ್ನು ನಮ್ಮ ಜಗಲಿಯ ಮೇಲೆ ತಂದು ಬಿಟ್ಟ.

“ಅಣ್ಣಾ, ಸಂದೆಗಂಟ ಇವುನ್ನ ನೋಡ್ಕಳಿ. ಸಂದೆ ಬಸ್ಸಿಗೆ ಗೂಡು ತಕಂಡು ಬತ್ತೀನಿ. ಆಮೇಕೆ ಇವ್ನೇ ಕಾವಲು. ಇವ್ನು ಇಲ್ದೆ ಓದ್ರೆ ಇಲಿಗಳು ಗೂಡೆಲ್ಲ ತಿಂದು ನನ್ನ ಮನೆ ತೊಳ್ದ್‌ಬುಡ್ತವೆ.” ಹಾಗೆಂದವನು ತಲೆಯೆತ್ತಿ ನೋಡಿದ. “ಈ ಲೋಳೆಸರವ ಒಸಿ ಮೇಲಕ್ಕೆ ಕಟ್ಬುಡಿ. ನಾಯಿ ತಿಂದ್ರೆ ಸತ್ತೋಯ್ತದಂತೆ.”

“ಸತ್ತ ನಾಯ್ನ ನೀ ಕಂಡಿದ್ದೀಯಾ?”

“ನಾ ಕಂಡಿಲ್ಲ. ಎಲ್ಲಾರೂ ಏಳ್ತಾರೆ ಕಣಣ್ಣ.”

“ಎಲ್ಲಾರೂ ಅಂದ್ರೆ ಯಾರ್ಲಾ? ಅದ್ರಲ್ಲಿ ಒಬ್ಬುನ್ನ ಕರ್ಕಂಡು ಬಾ!”

ಕರೆತರಲು ಅವನಿಗೆ ಸಮಯವಿರಲಿಲ್ಲ, ಬಸ್ಸು ಹೊರಡುವುದರಲ್ಲಿತ್ತು. ವಾದದಲ್ಲಿ ನಾನು ಗೆದ್ದೆನೆಂದೇ ತಿಳಿದೆ.

“ಅಷ್ಟು ಏಳ್ಬುಟ್ಟು ಓದ್ನಲ್ಲ, ಮೇಲಕ್ಕೆ ಕಟ್ಟಕ್ಕೆ ಏನ್ ರೋಗ ನಿಮ್ಗೆ?” ಎಂದಳು ಪುಟ್ಟಮ್ಮ.

ಕಟ್ಟುವುದು ಕಷ್ಟದ ಕೆಲಸವಲ್ಲ. ಆದರೆ ಕಟ್ಟಿದರೆ, ಯಾರೂ ಪರೀಕ್ಷಿಸದ ಮಾತೊಂದನ್ನು ಒಪ್ಪಿಕೊಂಡಂತಾಗುತ್ತಿತ್ತು! ನಾನು ಬೆಲ್ಲ ಕಟ್ಟಿ ಬಂದ ಕಾಗದವನ್ನೂ ಬಿಡಿಸಿ ಓದುವವನು. ಅಂಥದೊಂದು ಕಾಗದದಲ್ಲಿ, ಲೋಳೆಸರವು ದೇಹಕ್ಕೆ ತಂಪು ಎಂದು ಅಚ್ಚಾಗಿತ್ತು. ಕಾಗದ ಅಲ್ಲಿಗೇ ಹರಿದಿತ್ತು. ಹರಿದ ಭಾಗದಲ್ಲಿ ಏನಿದ್ದೀತು ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಮನುಷ್ಯನಿಗೆ ತಂಪಾದದ್ದು ನಾಯಿಗೆ ವಿಷ ಹೇಗಾದೀತು?

ಕೂಡಲೇ ಪರೀಕ್ಷೆಗೆ ಇಳಿದೆ. ಕೆಂಚನ ಮುಂಗಾಲು ಎತ್ತಿ ನಿಲ್ಲಿಸಿ, ಎಲೆಯೊಂದನ್ನು ಅದರ ಮೂಗಿಗೆ ಹಿಡಿದೆ. ಕೆಂಚ ಮೂಸಿತು. ಸೀನಿತು. ಕಂಬದ ಬುಡಕ್ಕೆ ಹೋಗಿ ಮಲಗಿತು.

“ನೋಡ್ದಾ? ನಾಯಿ ಇದನ್ನ ಮುಟ್ಟಾದೇ ಇಲ್ಲ!”

“ಮುಟ್ಟಾದಿಲ್ಲ ಅಂದ್ಬುಟ್ರೆ, ತಿಂದ್ರೂ ಏನೂ ಆಗಾದಿಲ್ಲ ಅಂತ ಎಂಗಾಯ್ತದೆ?”

ಪ್ರಶ್ನೆ ನ್ಯಾಯವಾಗಿತ್ತು. ನನ್ನ ಮನೆಯಲ್ಲಿ, ನನ್ನ ಹೆಂಡತಿಯ ಬಾಯಿಂದ, ಇಷ್ಟು ನ್ಯಾಯವಾದ ಪ್ರಶ್ನೆ ಬಂದಾಗ ಉತ್ತರ ಕೊಡದೆ ಇರುವುದು ಹೇಗೆ? “ಆಗಾದಿಲ್ಲ ಅಂತ ನಾನೇ ತೋರಿಸ್ತೀನಿ, ನಿಂತ್ಕೊ!” ಎಂದವನೇ ಹೊಸ್ತಿಲ ಬಳಿ ನಿಂತು, ತೂಗಾಡುತ್ತಿದ್ದ ಎಲೆಯನ್ನು ಸಿಪ್ಪೆಸಹಿತ ಕಚ್ಚಿದೆ.

ಸಿಪ್ಪೆಯ ಕೆಳಗಿನ ಹಳದಿ ರಸ ನಾಲಿಗೆಗೆ ತಾಗಿತು. ಅಂಥ ಕಹಿಯನ್ನು ಬೇವಿನಲ್ಲೂ ಕಂಡವನಲ್ಲ. ಉಗಿಯಬಹುದಿತ್ತು. ಆದರೆ ಪುಟ್ಟಮ್ಮ ನೋಡುತ್ತಿದ್ದಳು! ಮುಖದಲ್ಲಿ ನಗು ತಂದುಕೊಂಡು ಅಗಿದೆ, ನುಂಗಿದೆ, “ಏನ್ ರುಚಿ!” ಎಂದು ಬಾಯಿ ಚಪ್ಪರಿಸಿದೆ.

ಆ ಚಪ್ಪರಿಕೆಯೇ ಅನಾಹುತಕ್ಕೆ ಮೂಲ. ಎದುರಿಗಿರುವ ಮನುಷ್ಯ ತಾನೊಬ್ಬನೇ ಚಪ್ಪರಿಸಿ ತಿನ್ನುವುದನ್ನು ಯಾವ ನಾಯಿ ತಾನೇ ಸಹಿಸೀತು? ಕೆಂಚ ಎದ್ದಿತು, ಬಾಲ ಆಡಿಸುತ್ತ ಬಂದಿತು, ನೆಗೆದು ಪಕ್ಕದ ಎಲೆಯಿಂದ ಒಂದು ಚೂರು ಕಿತ್ತು ನುಂಗಿಯೇಬಿಟ್ಟಿತು!

“ಅಯ್ಯಯ್ಯೋ! ಆ ಮೂಕಪ್ರಾಣಿಗೂ ತಿನ್ನಿಸ್ಬುಟ್ರಲ್ರೀ! ಮಾದಪ್ಪಂಗೆ ಏನ್ ಏಳ್ತೀರಿ?”

“ಏನೂ ಆಗಾದಿಲ್ಲ, ಸುಮ್ಕಿರು” ಎಂದೆ. ಮಧ್ಯಾಹ್ನದವರೆಗೆ ಈ ಮಾತು ನಿಜವಾಗಿತ್ತು.

ಮಧ್ಯಾಹ್ನ ಕೆಂಚ ಹಿತ್ತಿಲಿಗೆ ಹೋಗಿ ನೊರೆನೊರೆಯಾಗಿ ಕಕ್ಕಿತು. ಮತ್ತೆ ಕಕ್ಕಿತು. ಕಿವಿ ಜೋಲು ಹಾಕಿಕೊಂಡು ಬಿದ್ದುಕೊಂಡಿತು. ಅದರ ಯೋಗಕ್ಷೇಮ ವಿಚಾರಿಸಲು ಬಗ್ಗಿದಾಗ ನನ್ನ ಹೊಟ್ಟೆಯೂ ಮಾತಾಡಿತು. ಚೊಂಬು ಹಿಡಿದು ಬಯಲಿಗೆ ಹೊರಟೆ. ಹೋಗಿ ಬಂದೆ. ಬಂದು ಹೋದೆ. ಆಮೇಲೆ ಬರುವುದನ್ನೇ ಬಿಟ್ಟೆ!

ಬಯಲಿನಲ್ಲಿ ಕುಳಿತವನಿಗೆ ಹೊಟ್ಟೆಯ ನೋವಿಗಿಂತ ಕೆಂಚನ ಚಿಂತೆಯೇ ದೊಡ್ಡದಾಯಿತು. ನಂಬಿ ಬಿಟ್ಟುಹೋದ ಪ್ರಾಣಿ. ಅದಕ್ಕೆ ಏನಾದರೂ ಆದರೆ ಮಾದಪ್ಪನಿಗೆ ಯಾವ ಮುಖ ತೋರಿಸಲಿ? ಆ ಹೊತ್ತಿನಲ್ಲಿ ನನ್ನ ಮುಖವೂ ತೋರಿಸುವಂತಿರಲಿಲ್ಲ.

ಪುಟ್ಟಮ್ಮ ಆ ಮಧ್ಯಾಹ್ನವೆಲ್ಲ ನಾಯಿಯ ಪಕ್ಕದಲ್ಲೇ ಕುಳಿತು ನೀರು ಕುಡಿಸಿದಳು. ನನಗೆ ಕುಡಿಸಲಿಲ್ಲ. ಸಂಜೆ ಮಾದಪ್ಪ ಗೂಡಿನ ಮೂಟೆಗಳನ್ನು ಇಳಿಸಿ “ಕೆಂಚಾ!” ಎಂದು ಕೂಗಿದ. ಆಗಷ್ಟೇ ಬಯಲಿನಿಂದ ಬಂದಿದ್ದ ನಾನು ಗೋಡೆ ಹಿಡಿದೆ. ಕೆಂಚ ತಲೆಯೆತ್ತಿತು, ಎದ್ದು ಒಮ್ಮೆ ಓಲಾಡಿತು, ಮೈ ಕೊಡವಿ ನೇರವಾಗಿ ಹೋಗಿ ಮೂಟೆಗಳನ್ನು ಮೂಸಿ ಕಾವಲಿಗೆ ಕುಳಿತಿತು.

ಪುಟ್ಟಮ್ಮ ನಡೆದದ್ದನ್ನೆಲ್ಲ ಹೇಳಿದಳು. ಏನನ್ನೂ ಬಿಡಲಿಲ್ಲ. ಗೋಡೆ ಹಿಡಿದು ನಿಂತಿದ್ದ ನನ್ನನ್ನೂ ಕೈಯಲ್ಲಿದ್ದ ಚೊಂಬನ್ನೂ ಮಾದಪ್ಪ ನೋಡಿದ.

“ಕೆಂಚ ಕಕ್ಬುಟ್ಟು ಉಸಾರಾದ. ನೀವ್ಯಾಕಣ್ಣ ಕಕ್ಕದೆ ಮಡಿಕ್ಕಂಡ್ರಿ?”

“ಪರೀಕ್ಷೆ ಅಂದ್ರೆ…” ಎಂದು ವಿವರಿಸಲು ಆರಂಭಿಸಿದೆ. ಮುಗಿಸಲು ಹೊಟ್ಟೆ ಅವಕಾಶ ಕೊಡಲಿಲ್ಲ.

ನನ್ನ ನಿರ್ಣಯ ಇಷ್ಟು. ಒಂದು ಚೂರು ಲೋಳೆಸರಕ್ಕೆ ಕೆಂಚ ಸಾಯಲಿಲ್ಲ; ಅಷ್ಟರಮಟ್ಟಿಗೆ ಊರಿನ ಮಾತು ಸುಳ್ಳು. ತಿಂದರೆ ನಾಯಿಗೆ ಏನೂ ಆಗದು ಎಂಬುದೂ ಸುಳ್ಳು. ಅದನ್ನು ಹೇಳಿದವನು ನಾನೊಬ್ಬನೇ. ಗಿಡವನ್ನು ಮರುದಿನವೇ ಮಾದಪ್ಪ ಏಣಿ ಹತ್ತಿ ಮೇಲಕ್ಕೆ ಕಟ್ಟಿದ. ನಾಯಿಗೆ ಮಾತ್ರವಲ್ಲ, ನನಗೂ ಎಟುಕದಷ್ಟು ಮೇಲಕ್ಕೆ!

ಸಾಕ್ಷಿ ಬೇಕೆನ್ನುವವರು ಯಾವಾಗ ಬೇಕಾದರೂ ಬಂದು ನೋಡಬಹುದು. ನೀರಿಲ್ಲ, ಮಣ್ಣಿಲ್ಲ, ಗಿಡ ಇನ್ನೂ ಹಸಿರಾಗಿದೆ. ಎರಡು ಎಲೆಗಳ ಮೇಲೆ ಕಚ್ಚಿದ ಗಾಯ ಒಣಗಿ ನಿಂತಿದೆ. ಯಾವುದು ಯಾರದೆಂದು ಯಾರನ್ನೂ ಕೇಳಬೇಕಾಗಿಲ್ಲ. ದೊಡ್ಡದು ನನ್ನದು. ಅದರ ನಡುವೆ ಒಂದು ಹಲ್ಲಿನ ಅಗಲದಷ್ಟು ಎಲೆ ಹಾಗೆಯೇ ಉಳಿದಿದೆ.

ಕೆಂಚನಿಗೆ ಹಲ್ಲುಗಳೆಲ್ಲ ಇವೆ.