ಬೀಗರ ಮರ್ಯಾದೆಗೆ ತಕ್ಕ ರೇಡಿಯೋ

ಬೈಸಿಕೊಳ್ಳುವುದಕ್ಕೂ ಯೋಗ ಬೇಕು ಎಂದು ನನಗೆ ಗೊತ್ತಾದದ್ದು ನಿವೃತ್ತನಾದ ಮೇಲೆ. ಶಿಕಾರಿಪುರ ತಾಲ್ಲೂಕಿನಲ್ಲಿ ಸರ್ವೇಯರ್ ಆಗಿ ಹೊಲ ಗದ್ದೆಗಳ ಮೇಲೆ ಸರಪಳಿ ಎಳೆಯುತ್ತಿದ್ದಷ್ಟು ಕಾಲ ನನ್ನನ್ನು ಬಯ್ಯದವರೇ ಇರಲಿಲ್ಲ. ಅಳತೆಯಲ್ಲಿ ಬದು ಆಚೆ ಸರಿದರೆ ಆಚೆಯವನು ಬಯ್ಯುತ್ತಿದ್ದ, ಈಚೆ ಸರಿದರೆ ಈಚೆಯವನು. ಎಲ್ಲೂ ಸರಿಯದೆ ಇದ್ದಲ್ಲೇ ಇದ್ದರೆ, ಹಂಗಾರೆ ನಿನ್ನನ್ನು ಕರೆಸಿದ್ದು ಯಾಕೆ ಎಂದು ಇಬ್ಬರೂ ಸೇರಿ ಬಯ್ಯುತ್ತಿದ್ದರು. ಹಾರ ಹಾಕಿಸಿಕೊಂಡು ಮನೆಗೆ ಬಂದ ಮರುದಿನದಿಂದ ಊರಿಗೆ ಊರೇ ನನಗೆ ಮರ್ಯಾದೆ ಕೊಡತೊಡಗಿತು. ಬಸ್ಸಿನಲ್ಲಿ ಸೀಟು ಬಿಟ್ಟರು, ಹೋಟೆಲಿನಲ್ಲಿ ಸಕ್ಕರೆ ಹಾಕಲೋ ಬೇಡವೋ ಎಂದು ಕೇಳಿದರು. ಹೆಂಡತಿ ಗಿರಿಜಾಳ ಬೈಗುಳ ಇದ್ದೇ ಇದೆ, ಆದರೆ ಅದರ ಬಾಬತ್ತು ಬೇರೆ. ಅದು ಗೋಡೆಯ ಸುಣ್ಣದ ಹಾಗೆ, ಇದೆ ಎಂದು ಗಮನಕ್ಕೇ ಬರುವುದಿಲ್ಲ. ನನ್ನದೇ ವಯಸ್ಸಿನ ಗಂಡಸೊಬ್ಬ ಸಲಿಗೆಯಿಂದ, ಏಕವಚನದಲ್ಲಿ, ಬಾಯ್ತುಂಬ ಬಯ್ಯುವ ಸುಖವೇ ಸುಖ. ಆ ಸುಖ ನನಗೆ ಯಾರೂ ನಿರೀಕ್ಷಿಸದ ಕಡೆಯಿಂದ ಸಿಕ್ಕಿತು, ನನ್ನ ಬೀಗರಿಂದ. ಅದು ಕೈತಪ್ಪಿದಾಗ ಮತ್ತೆ ಪಡೆಯಲು ನಾನು ಪಟ್ಟ ಪಾಡನ್ನು ಹೇಳಿಕೊಂಡರೆ ನೀವಾದರೂ ನಗಬಹುದು.

ಬೀಗರೆಂದರೆ ಸೊರಬ ತಾಲ್ಲೂಕು ಕುಪ್ಪಗಡ್ಡೆಯ ರುದ್ರಪ್ಪನವರು. ನನ್ನ ಮಗಳು ಸುಮಾಳನ್ನು ಅವರ ಮಗನಿಗೆ ಕೊಟ್ಟಿದ್ದೇವೆ. ಹೆಣ್ಣು ನೋಡಲು ಬಂದ ದಿನ ಗಿರಿಜಾ ಗಾಬರಿಯಲ್ಲಿ ಉಪ್ಪಿಟ್ಟಿಗೆ ಎರಡೆರಡು ಸಲ ಉಪ್ಪು ಹಾಕಿಬಿಟ್ಟಿದ್ದಳು. ರುದ್ರಪ್ಪನವರು 'ಭಾಳ ಚೆನ್ನಾಗದೆ' ಎಂದು ತಿಂದರು, ಇನ್ನಷ್ಟು ಹಾಕಿಸಿಕೊಂಡೂ ತಿಂದರು, ಚೊಂಬು ಚೊಂಬು ನೀರು ಕುಡಿದು ಸಂಬಂಧ ಒಪ್ಪಿಕೊಂಡು ಹೋದರು. ಅಂಥ ಸಜ್ಜನರು. ಆ ಸಜ್ಜನಿಕೆಯೇ ಕಷ್ಟವಾದದ್ದು. ಮದುವೆಯಾಗಿ ವರ್ಷಗಳೇ ಕಳೆದರೂ ನಾವಿಬ್ಬರೂ ಎದುರುಬದುರು ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು, ಮಳೆ ಹೇಗೆ, ಬೆಳೆ ಹೇಗೆ, ಮಂಡಿ ನೋವು ಹೇಗೆ ಎಂದು ಕೇಳಿ ಮುಗಿಸಿ, ಕಾಫಿ ಬರುವವರೆಗೆ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದೆವು. ಅವರು ನನ್ನನ್ನು 'ರೀ' ಇಲ್ಲದೆ ಮಾತಾಡಿಸಿದವರಲ್ಲ, ನಾನು ಅವರೆದುರು ಕಾಲ ಮೇಲೆ ಕಾಲು ಹಾಕಿದವನಲ್ಲ.

ಇದೆಲ್ಲ ಬದಲಾದದ್ದು ಗ್ಲೈಡರಿನಿಂದ. ಜೀವಮಾನವಿಡೀ ನೆಲ ನೋಡಿದವನಿಗೆ ಕೊನೆಗಾಲದಲ್ಲಿ ಆಕಾಶ ನೋಡಬೇಕೆನಿಸಿದ್ದು ದೊಡ್ಡ ತಪ್ಪೇನಲ್ಲ ಎಂದುಕೊಂಡು ನಾನೊಂದು ಗ್ಲೈಡರ್ ತರಿಸಿದ್ದೆ. ಹಗುರವಾದ ಥರ್ಮೋಕೋಲಿನಂಥ ವಸ್ತುವಿನಿಂದ ಮಾಡಿದ, ಎರಡು ಕೈ ಚಾಚಿದಷ್ಟು ಉದ್ದ ರೆಕ್ಕೆಯ ಪುಟ್ಟ ವಿಮಾನ. ಮೂತಿಯಲ್ಲಿರುವ ಫ್ಯಾನು ಅದನ್ನು ಮೇಲೆ ಕೊಂಡೊಯ್ದು ನಿಂತುಬಿಡುತ್ತದೆ, ಆಮೇಲೆ ಗಾಳಿಯಲ್ಲಿ ಹದ್ದಿನಂತೆ ತೇಲುತ್ತ ಬರುವುದು ಅದರ ಕೆಲಸ. ನೆಲದ ಮೇಲೆ ನಿಂತು ಅದನ್ನು ನಡೆಸಲು ಕೈಯಲ್ಲಿ ಹಿಡಿಯುವ, ಎರಡು ಕಡ್ಡಿಗಳಿರುವ ಪೆಟ್ಟಿಗೆಗೆ ಈ ಹವ್ಯಾಸದವರು ರೇಡಿಯೋ ಎನ್ನುತ್ತಾರೆ. ಕುಪ್ಪಗಡ್ಡೆಯಲ್ಲಿ ಭತ್ತದ ಕೊಯ್ಲಾದ ಮೇಲೆ ಬೀಗರ ಗದ್ದೆ ಬಯಲಾಗಿ ಬಿದ್ದಿರುತ್ತದೆ, ಹತ್ತಿರದಲ್ಲಿ ಕರೆಂಟಿನ ತಂತಿಯೂ ಇಲ್ಲ. ಮಗಳನ್ನು ನೋಡುವ ನೆಪದಲ್ಲಿ ಅಲ್ಲಿಗೇ ಒಯ್ದೆ. ರುದ್ರಪ್ಪನವರು ಮೊದಲ ದಿನ ದೂರದ ಬದುವಿನ ಮೇಲೆ ಕೂತು ನೋಡಿದರು. ಎರಡನೇ ಸಲ ಹತ್ತಿರ ಬಂದು ನಿಂತರು. ಮುಂದಿನ ಸಲ ನಾನು ವಿಮಾನವನ್ನು ತಿರುಗಿಸಲಾಗದೆ ಹೊಂಗೆ ಮರದ ಕಡೆಗೆ ಬಿಟ್ಟುಕೊಂಡು ನಿಂತಾಗ ಅವರಿಗೆ ತಡೆಯಲಾಗಲಿಲ್ಲ. 'ಎಳಿಯೋ ಮಾರಾಯ, ಎಳಿ. ಕಣ್ಣೆಲ್ಲಿ ಇಟ್ಕಂಡೀಯ?' ಅಂದುಬಿಟ್ಟರು. ನಾನು ಕಡ್ಡಿ ಎಳೆದೆ. ವಿಮಾನ ಮರ ತಪ್ಪಿಸಿಕೊಂಡು ಬಂದು ಗದ್ದೆಯಲ್ಲಿ ಕೂತಿತು. ಕೂತ ಕೂಡಲೇ ಅವರು 'ಬನ್ನಿ ಬೀಗ್ರೇ, ಕಾಫಿ ತಗಳಿ' ಎಂದರು, ಏನೂ ಆಗದವರಂತೆ.

ಅಲ್ಲಿಂದ ನಮ್ಮಿಬ್ಬರ ನಡುವೆ, ಬಾಯಿಬಿಟ್ಟು ಹೇಳದೆ, ಒಂದು ಹದ್ದುಬಸ್ತು ಏರ್ಪಟ್ಟಿತು. ವಿಮಾನ ನೆಲದ ಮೇಲಿರುವಾಗ ನಾವು ಬೀಗರು. ಅದು ಮೇಲಿರುವಾಗ ಅವನು ಬರೀ ರುದ್ರಪ್ಪ, ನಾನು ಬರೀ ಶೇಖರಪ್ಪ. ಅವನು ಹಾರಿಸಿದರೆ ನಾನು ಬಯ್ಯುತ್ತಿದ್ದೆ, ನಾನು ಹಾರಿಸಿದರೆ ಅವನು. ಬೈಗುಳದ ಮಧ್ಯೆ ಬೇರೆ ಮಾತೂ ಬರುತ್ತಿತ್ತು. ಚಿಕ್ಕವನಿದ್ದಾಗ ಬಂದಳಿಕೆಯ ಪಾಳು ಗುಡಿಯ ಮಾಡಿನ ಮೇಲೆ ಹತ್ತಿ ಇಳಿಯಲಾಗದೆ ಅತ್ತಿದ್ದನ್ನು ಅವನು ಯಾರಿಗೂ ಹೇಳಿರಲಿಲ್ಲವಂತೆ, ನನಗೆ ಹೇಳಿದ, ಅದೂ ಆಕಾಶ ನೋಡುತ್ತಲೇ. ನನಗೆ ಈ ವಯಸ್ಸಿನಲ್ಲಿ ಒಬ್ಬ ಹೊಸ ಸ್ನೇಹಿತ ಸಿಕ್ಕಿದ್ದ. ಅದು ನನಗೆ ಎಷ್ಟು ಬೇಕಾಗಿತ್ತೆಂಬುದು ಸಿಕ್ಕಿದ ಮೇಲೇ ತಿಳಿದದ್ದು.

ಹೀಗಿರುವಾಗ ಒಂದು ಭಾನುವಾರ ರೇಡಿಯೋ ನೀರಿಗೆ ಬಿತ್ತು. ವಿಮಾನ ಎತ್ತರದಲ್ಲಿತ್ತು. ನಾನು ಅದನ್ನು ತಪ್ಪಾಗಿ ತಿರುಗಿಸುತ್ತಿದ್ದೇನೆಂದು ಅವನು 'ಕೊಡು ಇಲ್ಲಿ' ಎಂದು ಕೈಹಾಕಿದ, ನಾನು 'ತಡಿಯೋ' ಎಂದು ಬಿಗಿಹಿಡಿದೆ, ರೇಡಿಯೋವನ್ನು ಕೊರಳಿಗೆ ನೇತುಹಾಕಿದ್ದ ಪಟ್ಟಿ ಕಿತ್ತು ಪೆಟ್ಟಿಗೆ ಪಕ್ಕದ ಕಾಲುವೆಯಲ್ಲಿ ಮುಳುಗಿತು. ಹೇಳುವವರು ಕೇಳುವವರು ಇಲ್ಲದ ಗ್ಲೈಡರು ಮೇಲೆ ತನ್ನಷ್ಟಕ್ಕೆ ಸುತ್ತುಹಾಕಿ, ನಿಧಾನವಾಗಿ ಇಳಿದು, ನಾವಿಬ್ಬರೂ ಇಷ್ಟು ದಿನದಲ್ಲಿ ಒಮ್ಮೆಯೂ ಇಳಿಸದಷ್ಟು ನಾಜೂಕಾಗಿ ಗದ್ದೆಯ ನಡುವೆ ಬಂದು ಕೂತಿತು. ಅದು ನೆಲ ಮುಟ್ಟಿದ ಕ್ಷಣವೇ ನಾವು ಬೀಗರಾಗಿಬಿಟ್ಟೆವು. 'ತಪ್ಪಾತ್ರೀ ಬೀಗ್ರೇ, ನಂದೇ ತಪ್ಪು' ಎಂದು ಅವರು ಕೈಮುಗಿದರು. ಎಲ್ಲಾದರೂ ಉಂಟೇ, ನನ್ನದೇ ತಪ್ಪು ಎಂದು ನಾನೂ ಮುಗಿದೆ. ಹೊಸದನ್ನು ತಾವೇ ತಂದುಕೊಡುವುದಾಗಿ ಅವರು, ಹೆಣ್ಣು ಕೊಟ್ಟ ಕಡೆಯವನು ನಾನಿರುವಾಗ ಅದು ಹೇಗಾದೀತು ಎಂದು ನಾನು. ಕಾಫಿ ಆರುವವರೆಗೂ ಈ ಉಪಚಾರ ನಡೆದು ಕೊನೆಗೆ ನಾನೇ ಗೆದ್ದೆ. ಯಾಕಾದರೂ ಗೆದ್ದೆನೋ ಎಂದು ಆಮೇಲೆ ಅನಿಸಿತು.

ಏಕೆಂದರೆ ರೇಡಿಯೋ ಆರಿಸುವುದು ನಾನಂದುಕೊಂಡಷ್ಟು ಸುಲಭವಾಗಿರಲಿಲ್ಲ. ಹಳೆಯದು ವಿಮಾನದ ಜೊತೆಗೆ ಅದೇ ಡಬ್ಬಿಯಲ್ಲಿ ಬಂದದ್ದು, ಆರಿಸುವ ಪ್ರಶ್ನೆಯೇ ಇರಲಿಲ್ಲ. ಈಗ ನೋಡಿದರೆ ಕೈಯಲ್ಲಿ ಹಿಡಿಯುವ ರೇಡಿಯೋಗೂ ವಿಮಾನದ ಹೊಟ್ಟೆಯೊಳಗೆ ಕೂರುವ ರಿಸೀವರಿಗೂ ಹೊಂದಾಣಿಕೆಯಾಗಬೇಕು; ಎಲ್ಲದಕ್ಕೂ ಎಲ್ಲವೂ ಆಗಿಬರುವುದಿಲ್ಲ. ಮೊಬೈಲಿನಲ್ಲಿ ವೀಡಿಯೋ ಹಚ್ಚಿದರೆ, ಒಬ್ಬ ಇದಕ್ಕಿಂತ ಒಳ್ಳೆಯದು ಭೂಮಿಯ ಮೇಲಿಲ್ಲ ಎನ್ನುತ್ತಿದ್ದ, ಮುಂದಿನವನು ಅದನ್ನೇ ಕೈಯಲ್ಲಿ ಹಿಡಿದು ಮುಖ ಸಿಂಡರಿಸುತ್ತಿದ್ದ. ನಾನು ಊಟ ಮಾಡುವಾಗ ಒಂದನ್ನು ನಿಶ್ಚಯ ಮಾಡಿ, ಕೈ ತೊಳೆಯುವಷ್ಟರಲ್ಲಿ ಇನ್ನೊಂದಕ್ಕೆ ಮನಸ್ಸು ಕೊಡುತ್ತಿದ್ದೆ. ಗಿರಿಜಾ ಬಹಳ ದಿನ ಸುಮ್ಮನೆ ನೋಡಿ ಒಂದು ಬೆಳಿಗ್ಗೆ ಹೇಳಿದಳು: 'ಮಗಳನ್ನ ಕೊಡಾವಾಗ ಇಷ್ಟು ವಿಚಾರಣಿ ಮಾಡಿರ್ಲಿಲ್ಲ ಬಿಡ್ರಿ ನೀವು.'

ಬೀಗರನ್ನೇ ಕೇಳೋಣವೆಂದು ಫೋನು ಮಾಡಿದೆ. ಮೊದಲಿನಂಥದ್ದೇ ಸಾದಾ ಒಂದು, ನಡುಗಾತ್ರದ್ದೊಂದು, ಪರದೆ ಗಿರದೆ ಎಲ್ಲ ಇರುವ ಭರ್ಜರಿ ಒಂದು, ಮೂರರಲ್ಲಿ ಯಾವುದಾಗಲಿ ಎಂದೆ. ನಿಮಗೆ ಸರಿ ಕಂಡದ್ದು ನಮಗೂ ಸರಿ ಎಂದರು. ಹಾಗಲ್ಲ, ನಿಮ್ಮ ಕೈಗೆ ಯಾವುದು ಒಗ್ಗೀತು ಎಂದೆ. ನೀವು ನೋಡಿದ್ದೀರಲ್ಲ, ಅದೇ ಸಾಕು ಎಂದರು. ವಿಮಾನ ಆಕಾಶದಲ್ಲಿದ್ದಿದ್ದರೆ, ಅದು ಬ್ಯಾಡ ಕಣೋ ದಡ್ಡ, ಇದನ್ನ ತಗ ಎನ್ನುತ್ತಿದ್ದ ಮನುಷ್ಯ. ಫೋನಿಟ್ಟ ಮೇಲೆ ನನ್ನೊಳಗಿನ ಬೀಗ ಎದ್ದು ಕೂತ. ಹೆಣ್ಣು ಕೊಟ್ಟವರು ಸಾದಾದ್ದನ್ನು ಒಯ್ದರೆ ಕುಪ್ಪಗಡ್ಡೆಯಲ್ಲಿ ಏನಂದುಕೊಂಡಾರು ಎಂಬ ಯೋಚನೆ ಹತ್ತಿತು. ಹಾರಿಸಲು ಯಾವುದು ಬೇಕೆಂಬುದನ್ನು ಮರೆತು, ಬೀಗರ ಮನೆಗೆ ಯಾವುದು ಶೋಭಿಸುತ್ತದೆ ಎಂದು ನೋಡಿ ಭರ್ಜರಿಯಾದದ್ದನ್ನೇ ತರಿಸಿದೆ. ಅದರ ರಿಸೀವರಿಗೆ ಬುದ್ಧಿ ಎಂಬುದಿತ್ತು. ಗಾಳಿ ಹೊಡೆದು ವಿಮಾನ ವಾಲಿದರೆ ನಾವು ಏನೂ ಮಾಡದೆ ಅದೇ ಸರಿಮಾಡಿಕೊಳ್ಳುತ್ತಿತ್ತು.

ರೇಡಿಯೋದ ಡಬ್ಬಿಯನ್ನೂ ರೆಕ್ಕೆ ಬಿಚ್ಚಿದ ವಿಮಾನವನ್ನೂ ಹಿಡಿದು ಶಿರಾಳಕೊಪ್ಪದ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಉಡುತಡಿಯ ಒಬ್ಬರು ರೆಕ್ಕೆ ನೋಡಿ, ಔಷಧಿ ಹೊಡಿಯಾದಾ ಇದು ಎಂದು ಕೇಳಿದರು. ಅಲ್ಲ ಎಂದೆ. ಮೆಕ್ಕೆಜೋಳಕ್ಕೆ ಬರುವ ಗಿಳಿ ಓಡಿಸುವುದಾ ಎಂದರು. ಅದೂ ಅಲ್ಲ, ಸುಮ್ಮನೆ ಮೇಲೆ ಹೋಗಿ ಕೆಳಗೆ ಬರುತ್ತದೆ ಎಂದೆ. ಅವರು ನನ್ನ ನರೆತ ತಲೆ ನೋಡಿ, ಇನ್ನೇನೂ ಕೇಳದೆ, ಆರಾಮಾಗಿ ಕೂರಲೆಂದು ಇನ್ನಷ್ಟು ಜಾಗ ಬಿಟ್ಟುಕೊಟ್ಟರು. ಅಲ್ಲೂ ಮರ್ಯಾದೆ.

ಗದ್ದೆಯಲ್ಲಿ ಆ ದಿನ ನಡೆದದ್ದು ನೆನೆದರೆ ಈಗಲೂ ಬೇಸರವಾಗುತ್ತದೆ. ವಿಮಾನ ಏರಿತು, ಗೆರೆ ಎಳೆದಂತೆ ತೇಲಿತು, ಕಡ್ಡಿ ತಪ್ಪಾಗಿ ತಿರುವಿದರೂ ಕ್ಷಮಿಸಿ ನೆಟ್ಟಗೆ ನಿಂತಿತು. ರೇಡಿಯೋದೊಳಗಿನ ಹೆಣ್ಣುದನಿ ಆಗಾಗ ಇಂಗ್ಲಿಷಿನಲ್ಲಿ ಎತ್ತರ ಹೇಳುತ್ತಿತ್ತು, ರುದ್ರಪ್ಪನವರು ಅದಕ್ಕೂ ವಿನಯದಿಂದ 'ಆತು ತಾಯಿ' ಎನ್ನುತ್ತಿದ್ದರು. ಬಯ್ಯಲು ಯಾರಿಗೂ ಏನೂ ಸಿಗಲಿಲ್ಲ. ನೀವು ಹಾರಿಸಿ, ಇಲ್ಲ ನೀವು ಹಾರಿಸಿ ಎಂದು ತಾಂಬೂಲ ಕೊಟ್ಟಂತೆ ರೇಡಿಯೋ ಕೊಟ್ಟುಕೊಂಡೆವು. ವಿಮಾನ ಆಕಾಶದಲ್ಲಿ ಇರುವಾಗಲೇ ಮಳೆ ಹೇಗೆ ಎಂದು ಅವರು, ಮಂಡಿ ನೋವು ಹೇಗೆ ಎಂದು ನಾನು. ಹೊರಡುವಾಗ ಹೊಸ ರೇಡಿಯೋ ಹೇಗನಿಸಿತು ಎಂದು ಕೇಳಿದೆ. 'ಭಾಳ ಚೆನ್ನಾಗದೆ ರೀ' ಎಂದರು. ಆ ದನಿ ನನಗೆ ಗುರುತಿತ್ತು. ಎರಡು ಸಲ ಉಪ್ಪು ಬಿದ್ದ ಉಪ್ಪಿಟ್ಟಿಗೆ ಹೇಳಿದ ದನಿಯೇ ಅದು.

ಬಸ್ಸಿನಲ್ಲಿ ಬರುವಾಗ ಸ್ನೇಹಿತನೊಬ್ಬನನ್ನು ನನ್ನ ಕೈಯಾರೆ ಕಳೆದುಕೊಂಡೆ ಎಂದೇ ಅನಿಸುತ್ತಿತ್ತು. ಮನೆಗೆ ಬಂದು ಹೊಸ ರೇಡಿಯೋದ ವೀಡಿಯೋಗಳನ್ನು ಇನ್ನೊಮ್ಮೆ ಹಚ್ಚಿ ನೋಡಿದೆ. ರೇಡಿಯೋದ ಬೆನ್ನಿನಲ್ಲಿ, ಬೆರಳಿಗೆ ಸಿಗುವಂತೆ, ಒಂದು ಗುಂಡಿಯಿತ್ತು. ಒಮ್ಮೆ ಒತ್ತಿದರೆ ಆ ಬುದ್ಧಿ ಬಂದ್, ಇನ್ನೊಮ್ಮೆ ಒತ್ತಿದರೆ ಮತ್ತೆ ಚಾಲೂ. ಇದನ್ನು ಬೀಗರಿಗೆ ಹೇಳುವುದು ಹೇಗೆ? ನಾನು ತಂದ ವಸ್ತು ಅತಿ ಚೆನ್ನಾಗಿದೆ, ಸ್ವಲ್ಪ ಕೆಡಿಸೋಣ, ನೀವು ನನ್ನನ್ನು ಬಯ್ಯಬೇಕು ಎಂದು ಬೀಗರನ್ನು ಕೇಳುವುದು ಯಾವ ಸಂಪ್ರದಾಯದಲ್ಲೂ ಇಲ್ಲ. ಗುಟ್ಟಾಗಿ ಮಾಡುವುದೆಂದು ತೀರ್ಮಾನಿಸಿದೆ.

ಮುಂದಿನ ಭಾನುವಾರ ವಿಮಾನ ಮೇಲೇರಿದ ಕೂಡಲೇ ಗುಂಡಿ ಒತ್ತಿ, ಮುಖದ ಮೇಲೆ ಏನೂ ತೋರಗೊಡದೆ ರೇಡಿಯೋವನ್ನು ಅವರ ಕೈಗಿತ್ತೆ. ಈಗ ವಾಲುತ್ತದೆ, ಈಗ ಬಯ್ಯುವ ಸರದಿ ನನ್ನದು ಎಂದು ಕಾದೆ. ವಿಮಾನ ಗೆರೆ ಎಳೆದಂತೆ ತೇಲಿತು. ರುದ್ರಪ್ಪನವರ ಮುಖದಲ್ಲೂ ಏನೋ ಗೊಂದಲವಿದ್ದಂತೆ ಕಂಡಿತು. ನಾನು ಸರಿಯಾಗಿ ಒತ್ತಿರಲಿಲ್ಲವೇನೋ ಎಂದುಕೊಂಡು, ನನ್ನ ಕೈಗೆ ಬಂದಾಗ ಇನ್ನೊಮ್ಮೆ ಗಟ್ಟಿಯಾಗಿ ಒತ್ತಿ ಅವರಿಗೆ ಕೊಟ್ಟೆ. ಮತ್ತೆ ಅದೇ ನೆಟ್ಟನೆಯ ಗೆರೆ. ಮೂರನೆಯ ಸಲ, ಪೆಟ್ಟಿಗೆ ಅವರ ಕೈ ಸೇರುವ ಹೊತ್ತಿಗೆ ಒತ್ತಲು ಹೋದೆ. ಪೆಟ್ಟಿಗೆಯ ಬೆನ್ನಿನಲ್ಲಿ ಅವರ ಬೆರಳು ಆಗಲೇ ಆ ಗುಂಡಿಯ ಮೇಲಿತ್ತು.

'ಅದನ್ನ ಮುಟ್ಬೇಡ ಮಾರಾಯ' ಎಂದರು ರುದ್ರಪ್ಪನವರು. 'ನಾನ್ ಈಗಷ್ಟೇ ಬಂದ್ ಮಾಡೀನಿ.'

ಮೊದಲಿನಿಂದಲೂ ನಾನೂ ಬಂದ್ ಮಾಡುತ್ತಲೇ ಬಂದಿದ್ದೇನೆ ಎಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಾನು ಬಂದ್ ಮಾಡಿ ಕೊಟ್ಟದ್ದನ್ನು ಅವರು ಬಂದ್ ಮಾಡಲು ಹೋಗಿ ಚಾಲೂ ಮಾಡುತ್ತಿದ್ದರು. ತಮ್ಮ ಮಗನನ್ನು ಕೇಳಿ ಆ ಗುಂಡಿಯ ವಿಚಾರ ತಿಳಿದುಕೊಂಡಿದ್ದರಂತೆ, ನನಗೆ ಹೇಳಿದರೆ ತಂದವರಿಗೆ ಬೇಸರವಾದೀತೆಂದು ಸುಮ್ಮನಿದ್ದರಂತೆ. 'ಅದೇ ಹಾರ್ತದೆ, ಅದೇ ಇಳಿತದೆ, ನಾವ್ ಎಂತಕೆ ಇಲ್ಲಿ? ಗದ್ದೆ ಕಾಯಕಾ?' ಎಂದ ರುದ್ರಪ್ಪ. ನನಗೆ ಆದ ಸಂತೋಷ ಹೇಳಲು ಬಾರದು. ಬೇಕಾಗಿದ್ದದ್ದು ನನಗೊಬ್ಬನಿಗೇ ಅಲ್ಲ, ಅವನಿಗೂ ಬೇಕಾಗಿತ್ತು. ಅಷ್ಟರಲ್ಲಿ ಬುದ್ಧಿ ಕಳೆದುಕೊಂಡ ವಿಮಾನ ಮೂತಿ ತಗ್ಗಿಸಿ ನುಗ್ಗತೊಡಗಿತ್ತು. ಎಳಿಯೋ ಎಂದು ನಾನು, ಬಿಡೋ ಎಂದು ಅವನು, ಇಬ್ಬರೂ ಸೇರಿ ಅದನ್ನು ಹುಲ್ಲಿನ ಬಣವೆಗೆ ಹೊಡೆಸಿದೆವು. ಬಣವೆಯಿಂದ ಅದನ್ನು ಕೀಳುವವರೆಗೂ ಅವನು ನನ್ನನ್ನು ಬೈದ. ವಿಮಾನ ನೆಲದ ಮೇಲೆ ಇರುವಾಗಲೂ ಬೈದದ್ದು ಅದೇ ಮೊದಲು.

ಮನೆಗೆ ಬಂದಾಗ ಗಿರಿಜಾ ಊಟಕ್ಕೆ ಹಾಕುತ್ತ ಹೇಗಾಯಿತು ಎಂದು ಕೇಳಿದಳು. ಬೀಗರು ಬಾಯಿಗೆ ಬಂದಂತೆ ಬೈದರು ಎಂದು ಹೆಮ್ಮೆಯಿಂದ ಹೇಳಿ ನಡೆದದ್ದನ್ನೆಲ್ಲ ವಿವರಿಸಿದೆ. ಹಾಗಾದರೆ ಮೊದಲಿನಂಥದ್ದೇ ಸಾಕಾಗಿತ್ತಲ್ಲ, ಇದರಲ್ಲಿ ಹೆಚ್ಚಿನದೇನಿದೆ ಎಂದಳು. ಅಷ್ಟೊಂದು ದಿನ ವಿಚಾರಣೆ ಮಾಡಿದವನು ನಾನು, ಯೋಚಿಸಿ ನೋಡಿದೆ. ಇದರಲ್ಲಿ ಬಂದ್ ಮಾಡಲು ಒಂದು ಗುಂಡಿ ಇದೆ ಎಂದೆ. ಅವಳು ಸಾರು ಬಡಿಸಿ, ಸಾರು ಹೆಂಗೈತಿ ಎಂದಳು. ಬಣವೆಯ ಗುಂಗಿನಲ್ಲೇ ಇದ್ದ ನಾನು ಎರಡು ತುತ್ತು ಉಂಡು, ಭಾಳ ಚೆನ್ನಾಗೈತಿ ಎಂದೆ. ಗಿರಿಜಾ ಸೌಟಿನ ತುದಿಯಿಂದ ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡಿ ನನ್ನ ಮುಖ ನೋಡಿದಳು.

'ಉಪ್ಪೇ ಹಾಕಿಲ್ಲ ಇದಕ್ಕ' ಎಂದಳು. 'ನನಗ ಯಾವಾಗಿಂದ ಬೀಗರಾದ್ರಿ ನೀವು?'

ಉಪ್ಪಿನ ಡಬ್ಬಿ ತರಲು ನಾನೇ ಎದ್ದೆ.