ಅಂಬರೇಶನ ಟ್ರಾಲಿಗೊಂದು ಕೀಲಿ

ಬೆಳಗಿನ ಚಹಾದ ಕಪ್ಪು ಕೈಯಲ್ಲಿರುವಾಗಲೇ ಅಂಬರೇಶನಿಗೆ ತನ್ನ ಮನೆಯ ಮುಂದಿನ ಜಾಗ ಅಗತ್ಯಕ್ಕಿಂತ ವಿಶಾಲವಾಗಿ ಕಂಡಿತು. ಪಿಕಪ್ ಗಾಡಿ ನಿಂತಿತ್ತು. ಅದರ ಬೆನ್ನಿಗೆ ನಿನ್ನೆ ಸಂಜೆ ತಾನೇ ಜೋಡಿಸಿದ್ದ ಟ್ರಾಲಿ ಇರಲಿಲ್ಲ. ಎರಡನ್ನೂ ಹಿಡಿದಿಟ್ಟಿದ್ದ ಪಿನ್ನು ಮಾತ್ರ, ಉಂಡೆದ್ದವರು ಬಿಟ್ಟುಹೋದ ಎಲುಬಿನಂತೆ ನೆಲದ ಮೇಲೆ ಬಿದ್ದಿತ್ತು.

"ಯಾರ್ ಒಯ್ದಾರ?" ಎಂದು ಹೆಂಡತಿಯನ್ನು ಕೇಳಿದ.

"ನಮ್ಮ ಓಣಿ ಭೀಮು. ಹೊಲದಿಂದ ಹತ್ತಿಕಟಗಿ ತರೋದದ ಅಂದ," ಎಂದಳು ಚಂದ್ರಕಲಾ, ರೊಟ್ಟಿ ಬಡಿಯುವ ಕೈ ನಿಲ್ಲಿಸದೆ.

"ನೀ ಯಾಕ ಕೊಟ್ಟಿ?"

"ನಾ ಎಲ್ಲಿ ಕೊಟ್ಟೆ? ಅವ ಎಲ್ಲಿ ಕೇಳ್ದ? ಒಯ್ಯಾಕತ್ತೀನಿ ಅಂತ ಹೇಳ್ದ, ಒಯ್ದ."

ಅದು ನಿಜ. ಕುರಕುಂಟಾದ ಆ ಓಣಿಯಲ್ಲಿ ಅಂಬರೇಶನ ಟ್ರಾಲಿಯನ್ನು ಯಾರೂ ಕೇಳುತ್ತಿರಲಿಲ್ಲ; ಹೇಳುತ್ತಿದ್ದರು. ಏಣಿ, ಹಗ್ಗ, ದೊಡ್ಡ ಕಡಾಯಿಗಳು ಯಾರ ಮನೆಯಲ್ಲಿದ್ದರೂ ಓಣಿಯವೇ ಆಗಿರುವಂತೆ ಟ್ರಾಲಿಯೂ ಓಣಿಯದಾಗಿಬಿಟ್ಟಿತ್ತು. ಶಹಾಬಾದಿನ ವೆಲ್ಡರ್ ಒಬ್ಬನಿಂದ ಅಂಬರೇಶ ಅದನ್ನು ಮಾಡಿಸಿದ್ದ. ಮೇಲೆ ತಗಡಿನ ಮಾಡು, ಹಿಂದೆ ಒಂದೇ ಬಾಗಿಲು, ಮುಂದೆ ಕಬ್ಬಿಣದ ಮೂತಿ. ಆ ಮೂತಿಯನ್ನು ಪಿಕಪ್ಪಿನ ಹಿಂದಿನ ಚೌಕಾಕಾರದ ಡಬ್ಬಿಗೆ ತೂರಿಸಿ ಅಡ್ಡಕ್ಕೊಂದು ಪಿನ್ನು ಹಾಕಿದರೆ ಟ್ರಾಲಿ ಗಾಡಿಯ ಹಿಂದೆ ಮದುಮಗಳಂತೆ ಬರುತ್ತಿತ್ತು. ಪಿನ್ನು ಎಳೆದರೆ ಯಾರ ಗಾಡಿಯ ಹಿಂದಾದರೂ ಹೋಗುತ್ತಿತ್ತು. ಕಳೆದ ವಾರ ಭೀಮುವಿನ ಬೀಗರ ಅಲಮಾರಿ ಹೊತ್ತು ಚಿತ್ತಾಪುರಕ್ಕೂ ಹೋಗಿಬಂದಿತ್ತು.

ಫೋನು ಬಡಿದುಕೊಂಡಿತು. ಚಿಂಚೋಳಿಯ ಸೂರ್ಯಕಾಂತ. ಮದುವೆ ಮುಂಜಿಗಳ ಅಡಿಗೆ ಗುತ್ತಿಗೆ ಹಿಡಿಯುವವನು.

"ಅಂಬರೇಶಾ, ಕೇಳ್ಲಿಕತ್ತಿ ಏನು? ಎರಡು ಸಲ ತಡಾ ಮಾಡಿದಿ. ಒಮ್ಮೆ ಬ್ಯಾಳಿ ಬೇಯ್ಲಿಲ್ಲ, ಒಮ್ಮೆ ಬೀಗರು ಸಿಟ್ಟಾಗಿ ಎದ್ದು ಹೋದ್ರು. ಸೇಡಂ ಗೋದಾಮಿನಾಗ ನಮ್ಮ ಅಡಿಗಿ ಭಾಂಡೆ ಅವ. ಇವತ್ತ ಮಧ್ಯಾಹ್ನದೊಳಗ ಅವು ಇಲ್ಲಿ ಮುಟ್ಟಿದ್ರ ಸೀಜನ್ ಪೂರ್ತಿ ಕೆಲಸ ನಿಂದು. ಮುಟ್ಟಲಿಲ್ಲ ಅಂದ್ರ ಮುಧೋಳದ ರಾಜರತ್ನ ಅದಾನ. ಅವನ ಟ್ರಾಲಿ ಅವನ ಮನ್ಯಾಗೇ ಇರ್ತದ."

ಆ ಕೊನೆಯ ಮಾತು ಅಂಬರೇಶನ ಎದೆಗೆ ನಾಟಿತು. ಭೀಮುವಿನ ಹೊಲಕ್ಕೆ ಗಾಡಿ ಓಡಿಸಿದ, ಹತ್ತಿಕಟಗಿ ಇಳಿಸಿದ, ಟ್ರಾಲಿಯನ್ನು ಜೋಡಿಸಿಕೊಂಡು ಬಂದ. ಮನಸ್ಸಿನಲ್ಲಿ ಒಂದೇ ನಿರ್ಧಾರ: ಇವತ್ತು ಸೇಡಂನಲ್ಲಿ ಚಾವಿ ಹಾಕುವ ಕೀಲಿ ಪಿನ್ನು ಕೊಳ್ಳುವುದು. ಆಮೇಲೆ ನೋಡೋಣ, ಯಾರು ಹೇಳಿ ಒಯ್ಯುತ್ತಾರೆಂದು.

ಆದರೆ 'ಸೇಡಂ' ಎಂಬ ಶಬ್ದ ಆ ಓಣಿಯಲ್ಲಿ ಗುಟ್ಟಾಗಿ ಉಳಿಯುವಂಥದಲ್ಲ. ಗಾಡಿ ಸ್ಟಾರ್ಟ್ ಮಾಡುವಷ್ಟರಲ್ಲಿ ಓಣಿಯ ಒಂದು ಕಡೆಯಿಂದ ಹಿರಿಯ ಬಸವಂತರಾಯ ಕಾಕಾ, ಇನ್ನೊಂದು ಕಡೆಯಿಂದ ಸ್ವತಃ ಭೀಮು ಬಂದು ಏರಿ ಕುಳಿತರು.

"ಸೇಡಂದಾಗ ಏನ್ ಕೆಲಸ ತಮ್ಮಾ?" ಎಂದರು ಕಾಕಾ.

"ಪಿನ್ನು ಬದಲ್ ಮಾಡ್ಬೇಕು ಕಾಕಾ. ಕೀಲಿ ಇರೋದು."

"ಕೀಲಿ? ಯಾಕ, ಕಳ್ಳರ ಕಾಟ ಶುರು ಆಗ್ಯಾದೇನು?"

ಎಡಕ್ಕೆ ಭೀಮು, ಅವನಾಚೆ ಕಾಕಾ. ಇಬ್ಬರ ಮುಖದಲ್ಲೂ ಹಸುಗೂಸಿನ ಮುಗ್ಧತೆ. ಅಂಬರೇಶ ಗೇರು ಹಾಕಿದ. "ಹೂಂ ಕಾಕಾ... ಕಳ್ಳರದೇ."

"ನಮ್ಮ ಟ್ರಾಲಿಗಿ ಕೈ ಹಚ್ಚತಾರ?" ಭೀಮು ಕೆರಳಿದ. "ಯಾವ ಬಾಡ್ಯಾ ಅವ? ತೋರಿಸು, ಕಾಲ್ ಮುರೀತೀನಿ!"

ಮತೀನನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೀಲಿ ಪಿನ್ನುಗಳು ಸಾಲಾಗಿ ಮಲಗಿದ್ದವು. ಅಂಬರೇಶ ಚಿಕ್ಕದೊಂದನ್ನು ಎತ್ತಿ ಗಾಡಿಯ ಡಬ್ಬಿಯ ತೂತಿಗೆ ಹಾಕಿ ನೋಡಿದ. ಅದು ಒಳಗೆ ಗೆಜ್ಜೆಯಂತೆ ಗಲಗಲ ಅಂದಿತು.

"ಸಡ್ಲಾತ್ರಿ," ಎಂದ ಮತೀನ. "ಅಲುಗಾಡಿ ಅಲುಗಾಡಿ ತೂತೇ ಸವದು ಹೋಗ್ತದ. ತೂತಿಗಿ ಸರಿಯಾಗಿ ತುಂಬಬೇಕು. ಉದ್ದಾನೂ ಹೆಚ್ಚು ಇರಬಾರ್ದು. ಸಂದು ಉಳೀತಂದ್ರ ಅದ್ರಾಗ ಸಲಾಕಿ ಹಾಕಿ ಮೀಟ್ತಾರ."

"ನಾ ಕಳ್ಳ ಇದ್ದೆ ಅಂದ್ರ," ಎನ್ನುತ್ತ ಭೀಮು ಮುಂದೆ ಬಂದ, "ಹಿಂಗ ಕುಂದ್ರತೀನಿ, ಎಡಗೈಲೆ ಮೂತಿ ಎತ್ತತೀನಿ, ಬಲಗೈಲೆ ಪಿನ್ನು ಜಗ್ಗತೀನಿ. ಆತು!" ಅಂಗಡಿಗೆ ಬಂದವರೆಲ್ಲ ತಲೆದೂಗಿದರು. ಅನೇಕ ಬೆಳಗುಗಳ ಅಭ್ಯಾಸವಿಲ್ಲದೆ ಅಂಥ ಕೈಚಳಕ ಬರುವುದಿಲ್ಲವೆಂಬುದು ಅಂಬರೇಶನೊಬ್ಬನಿಗೇ ತಿಳಿದಿತ್ತು.

ಮತೀನ ದನಿ ತಗ್ಗಿಸಿದ. "ಕಳ್ಳ ಹೊರಗಿನವ ಏನ್ರಿ, ಒಳಗಿನವ ಏನ್ರಿ? ಹೊರಗಿನವಗ ಇದು ಸಾಕು. ಒಳಗಿನವ ಇದ್ರ ಭಾರಿದೇ ಬೇಕು."

ಅಂಬರೇಶ ಒಂದು ಕ್ಷಣ ತನ್ನ ಇಬ್ಬರು ಹಿತೈಷಿಗಳನ್ನು ನೋಡಿದ. "ಭಾರಿದೇ ಕೊಡ್ರಿ."

"ಶಾಬಾಸ್!" ಎಂದರು ಕಾಕಾ.

ಭಾರಿಯದು ಬಂತು. ಮೂಲಂಗಿಯಷ್ಟು ದಪ್ಪ, ಮೈಯೆಲ್ಲ ಹೊಳಪು, ತಲೆಗೆ ಧೂಳು ತಡೆಯುವ ರಬ್ಬರಿನ ಟೊಪ್ಪಿಗೆ. "ಕಬ್ಬಿಣ ಕೊಯ್ಯೋ ಬ್ಲೇಡಿನ ಹಲ್ಲು ಹೋದಾವು, ಇದರ ಮೈಮ್ಯಾಲ ಗೀರು ಬೀಳಂಗಿಲ್ಲ," ಎಂದ ಮತೀನ. ಪಿನ್ನು ತೂತನ್ನು ತುಂಬಿ ಕುಳಿತಿತು. ಟಕ್ ಎಂದು ಕೀಲಿ ಬಿತ್ತು. ಭೀಮು ಅದಕ್ಕೊಂದು ನಿಂಬೆಹಣ್ಣು ಕಟ್ಟಿದ. ಎರಡು ಚಾವಿಗಳಲ್ಲಿ ಒಂದನ್ನು ಅಂಬರೇಶ ಅಂಗಿಯ ಜೇಬಿಗಿಳಿಸಿ, ಇನ್ನೊಂದನ್ನು ಗಾಡಿಯೊಳಗಿನ ದೇವರ ಫೋಟೋದ ಹಿಂದೆ ಸಿಕ್ಕಿಸಿದ. ವರ್ಷಗಳ ನಂತರ ಅವನ ಆಸ್ತಿ ಅವನದಾಗಿತ್ತು.

ಸೂರ್ಯಕಾಂತನ ಗೋದಾಮಿನ ಮುಂದೆ ಗಾಡಿ ನಿಂತೊಡನೆ ಕಾಕಾ ಮತ್ತು ಭೀಮು ಪರಸ್ಪರ ಕಣ್ಣು ಹೊಡೆದು, "ಚಹಾ ಕುಡ್ದು ಬರ್ತೀವಿ" ಎಂದು ಮಾಯವಾದರು. ಪೀಡೆ ತೊಲಗಿತೆಂದು ಅಂಬರೇಶನೇ ಭಾಂಡೆ ತುಂಬಿದ. ದೊಡ್ಡ ಹಂಡೆಯೊಳಗೆ ಕಡಾಯಿಗಳನ್ನು ಹೊಂದಿಸಲು ಬಗ್ಗಿದಾಗ ಒಳಗೆಲ್ಲೋ ಠಣ್ ಎಂದಿತು. ಚಮಚ ಇರಬೇಕೆಂದುಕೊಂಡ.

ಚಹಾ ಯಾಕೋ ಬಹಳ ಹೊತ್ತು ಹಿಡಿಯಿತು. ತಿರುಗಿ ಬಂದವರು ಕಾಕಾ ಒಬ್ಬರೇ. ಭೀಮು ಬಸ್ಸು ಹತ್ತಿ ಊರಿಗೆ ಹೋದನಂತೆ. "ಚಿಂಚೋಳಿಯಾಗ ನನ್ನ ತಂಗಿ ಮನಿ ಅದ, ನಾನೂ ಬರ್ತೀನಿ," ಎಂದು ಕಾಕಾ ಏರಿ ಕುಳಿತು, ಸೇಡಂ ದಾಟುವ ಮೊದಲೇ ನಿದ್ದೆಹೋದರು. ವಾಡಿಯ ಸಿಮೆಂಟು ಕಾರ್ಖಾನೆಯಲ್ಲಿ ಕಲ್ಲು ಪುಡಿ ಮಾಡುವ ಯಂತ್ರದ ಪಕ್ಕದಲ್ಲಿ ನೌಕರಿ ಮುಗಿಸಿದ ಜೀವ ಅದು. ಗದ್ದಲವೆಂದರೆ ಅವರಿಗೆ ಜೋಗುಳ.

ದಾರಿ ಸುಸೂತ್ರವಾಗಿತ್ತು. ಮಧ್ಯಾಹ್ನಕ್ಕೆ ಇನ್ನೂ ಸಮಯವಿತ್ತು. ಅಂಬರೇಶ ಸೀಟಿ ಹಾಕುತ್ತ ಚಿಂಚೋಳಿಯಲ್ಲಿ ಸೂರ್ಯಕಾಂತನ ಇಕ್ಕಟ್ಟಾದ ಓಣಿಗೆ ಗಾಡಿ ತಿರುಗಿಸಿದ.

ಎದುರಿನಿಂದ ನೀರಿನ ಟ್ಯಾಂಕರು ಬಂತು.

ಟ್ರಾಲಿ ಕಟ್ಟಿದ ಗಾಡಿಯನ್ನು ಹಿಂದಕ್ಕೆ ತರುವುದು ಬೆಕ್ಕನ್ನು ಬಾಲ ಹಿಡಿದು ನಡೆಸಿದಂತೆ. ಅದರ ಮೇಲೆ ಸಲಹೆಗಾರರು.

"ಬರ್ಲಿ, ಬರ್ಲಿ, ಬರ್ಲಿ!"

"ಎಡಕ್ಕ ಹೊಡೀರಿ!"

"ಏ, ಅವನ ಮಾತ್ ಕೇಳಬ್ಯಾಡ್ರಿ, ಅವಂಗ ಸೈಕಲ್ಲೇ ಬರಂಗಿಲ್ಲ! ಬಲಕ್ಕ!"

ಅಂಬರೇಶ ಎರಡೂ ಕಡೆ ತಿರುಗಿಸಿದ. ಟ್ರಾಲಿ ಮಡಚಿದ ಚಾಕುವಿನಂತೆ ಅಡ್ಡ ತಿರುಗಿ, ಅದರ ಒಂದೇ ಬಾಗಿಲು ಗೋಡೆಗೆ ಒತ್ತಿಕೊಂಡಿತು. ಪಿಕಪ್ಪಿನ ಮುಂದಿನ ಚಕ್ರ ಗಟಾರದ ಮೇಲಿನ ಫರಸಿಕಲ್ಲು ಮುರಿದುಕೊಂಡು ಒಳಗಿಳಿಯಿತು.

ಸೂರ್ಯಕಾಂತ ಓಡಿಬಂದ. ಅವನ ಹಿಂದೆ ಅವನ ತಾಯಿ, ಅಡಿಗೆಯ ಯಜಮಾನತಿ ಹಣಮವ್ವ, ಸೌಟು ಹಿಡಿದೇ ಬಂದಳು.

"ಗಾಬರಿ ಯಾಕ? ಪಿನ್ನು ತೆಗಿ," ಎಂದ ಸೂರ್ಯಕಾಂತ. "ಟ್ರಾಲಿ ಕೈಲೆ ದೂಡೋಣು, ಗಾಡಿ ಎತ್ತಿ ಇಡೋಣು."

"ತೆಗೀತೀನಿ ಅಣ್ಣಾ," ಎಂದು ಅಂಬರೇಶ ಹೊಸ ಕೀಲಿಯ ಹೆಮ್ಮೆಯಿಂದ ಜೇಬಿಗೆ ಕೈ ಹಾಕಿದ. ಜೇಬು ಖಾಲಿ. ನಕ್ಕು, ಗಾಡಿಯೊಳಗೆ ಬಗ್ಗಿ, ಫೋಟೋದ ಹಿಂದೆ ಕೈ ಹಾಕಿದ. ದೇವರ ಹಿಂದೆ ಗಾಡಿಯ ತಗಡಷ್ಟೇ ಇತ್ತು. ನಗು ಆರಿತು. ಕಾಕಾನನ್ನು ಅಲುಗಾಡಿಸಿದ. ಕಾಕಾ "ಹೂಂ" ಎಂದು ಮಗ್ಗುಲಾದರು. ಆಗ ಅವನ ಕಿವಿಯಲ್ಲಿ ಆ ಸದ್ದು ಮತ್ತೆ ಕೇಳಿಸಿತು: ಠಣ್.

"ಚಾವಿ ಒಳಗದ ಅಣ್ಣಾ."

"ಎಲ್ಲಿ ಒಳಗ?"

"ಹಂಡೆ ಒಳಗ."

"ಹಂಡೆ ಎಲ್ಲಿ ಅದ?"

"ಟ್ರಾಲಿ ಒಳಗ."

"ಅಂದಮ್ಯಾಲ ಬಾಗಲಾ ತೆಗಿ!"

"ಬಾಗಲಾ ಗ್ವಾಡಿಗಿ ಹತ್ತ್ಯಾದ. ಗ್ವಾಡಿ ಬಿಡಸ್ಬೇಕಂದ್ರ ಪಿನ್ನು ತೆಗೀಬೇಕು. ಪಿನ್ನು ತೆಗೀಬೇಕಂದ್ರ ಚಾವಿ ಬೇಕು."

ಹಣಮವ್ವ ಸೌಟನ್ನು ಹಣೆಗೆ ಬಡಿದುಕೊಂಡಳು. "ಸಂಜೀಗಿ ನಿಶ್ಚಯದ ಊಟ ಅದಪ್ಪೋ! ನಾ ಬ್ಯಾಳಿ ನನ್ನ ತಲಿಮ್ಯಾಲ ಇಟ್ಟು ಕುದಸ್ಲೇನು?"

ಮೆಕ್ಯಾನಿಕ್ ಬಂದ. ಬ್ಲೇಡುಗಳ ಹಲ್ಲು ಒಂದೊಂದಾಗಿ ಉದುರಿದವು. ಟ್ಯಾಂಕರಿನವನು ಸಲಾಕೆ ತಂದ. ತೂರಿಸಲು ಸಂದೇ ಇರಲಿಲ್ಲ. ಯಾರೋ ಸುತ್ತಿಗೆಯಿಂದ ಹೊಡೆದರು. ನಿಂಬೆಹಣ್ಣು ಸಿಡಿದು ಹೊಡೆದವನ ಕಣ್ಣಿಗೇ ರಸ ಹಾರಿತು. ಕೊಡ ಹಿಡಿದ ಹೆಂಗಸರು, ಆಟೋಗಳ ಹಾರ್ನು, ಬೈಗುಳ, ಬಡಿತಗಳೆಲ್ಲ ಸೇರಿ ಓಣಿ ಜಾತ್ರೆಯಂತೆ ಮೊರೆಯಿತು. ಪಿನ್ನಿನ ಮೈಮೇಲೆ ಒಂದು ಗೀರೂ ಬೀಳಲಿಲ್ಲ. ಮತೀನ ಸುಳ್ಳು ಹೇಳಿರಲಿಲ್ಲ.

ಸೂರ್ಯಕಾಂತ ಬೆವರೊರೆಸಿಕೊಂಡು ಫೋನು ತೆಗೆದ. "ಸಾಕು. ರಾಜರತ್ನಗ ಹಚ್ಚತೀನಿ. ಯಾರದಾದ್ರೂ ಭಾಂಡೆ ಹೇರ್ಕೊಂಡು ಬರ್ಲಿ."

ಸುತ್ತಿಗೆ ನಿಂತಿತು. ಹಾರ್ನು ನಿಂತಿತು. ಇಡೀ ಓಣಿ ಉಸಿರು ಹಿಡಿದು ಆ ಫೋನಿನ ಕಡೆ ನೋಡಿತು. ಅಂಬರೇಶನ ಸೀಜನ್ ಪೂರ್ತಿಯ ಕೆಲಸ ಸೂರ್ಯಕಾಂತನ ಹೆಬ್ಬೆರಳಿನ ತುದಿಯಲ್ಲಿ ನಿಂತಿತ್ತು.

ಆ ಮೌನಕ್ಕೆ ಬಸವಂತರಾಯ ಕಾಕಾ ಬೆಚ್ಚಿ ಎಚ್ಚರಾದರು.

"ಯಾಕ್ರೋ, ಮಷೀನ್ ಬಂದ್ ಬಿತ್ತೇನು?" ಎನ್ನುತ್ತ ಕಣ್ಣುಜ್ಜಿಕೊಂಡು ಕೆಳಗಿಳಿದರು. ಗೋಡೆ ನೋಡಿದರು, ಗಟಾರ ನೋಡಿದರು. "ಪಿನ್ನು ತೆಗೀಬೇಕಿಲ್ಲೋ? ಅದಕ್ಯಾಕ ಇಷ್ಟು ಮಂದಿ?" ಸೊಂಟದ ಚಂಚಿ ಬಿಚ್ಚಿ, ಎಲೆಯಡಿಕೆಯ ನಡುವಿನಿಂದ ಫಳಫಳ ಹೊಳೆಯುವ ಒಂದು ಚಾವಿ ತೆಗೆದು ಕೀಲಿಗೆ ಹಾಕಿದರು.

ಟಕ್!

ಜನ ಕೇಕೆ ಹಾಕಿದರು. ಟ್ರಾಲಿಯನ್ನು ದೂಡಿದರು, ಪಿಕಪ್ಪನ್ನು ಎತ್ತಿಟ್ಟರು. ಹಂಡೆಗಳು ಕೈಯಿಂದ ಕೈಗೆ ಅಂಗಳ ಸೇರಿದವು. ಸೂರ್ಯಕಾಂತ ಫೋನನ್ನು ಜೇಬಿಗಿಳಿಸಿ, ಅಂಬರೇಶನ ಬೆನ್ನು ತಟ್ಟಿದ. "ಮಧ್ಯಾಹ್ನದೊಳಗೇ ಮುಟ್ಟಿಸಿದಿ. ಮಾತು ಮಾತೇ. ಸೀಜನ್ ಪೂರ್ತಿ ನೀನೇ ಬಾ."

ಅಂಬರೇಶ ಕಾಕಾನ ಎರಡೂ ಕೈ ಹಿಡಿದುಕೊಂಡ. ಕಣ್ಣು ಒದ್ದೆಯಾಗಿದ್ದವು. "ಕಾಕಾ, ನೀವು ದೇವರಿದ್ದಂಗ." ನಂತರ, ಕೃತಜ್ಞತೆ ಸ್ವಲ್ಪ ತಿಳಿಯಾದ ಮೇಲೆ, ಒಂದು ಪ್ರಶ್ನೆ ತೇಲಿತು. "ಆದ್ರ... ಈ ಚಾವಿ ನಿಮ್ಮ ಹತ್ರ ಹ್ಯಾಂಗ ಬಂತು?"

"ಹ್ಯಾಂಗಂದ್ರ? ಇದು ನಮ್ಮ ಮನೀದು!" ಕಾಕಾ ಎಲೆಗೆ ಸುಣ್ಣ ಸವರುತ್ತ ಹೇಳಿದರು. "ಫೋಟೋ ಹಿಂದಿಂದು ತಗೊಂಡು, ಚಹಾಕ್ಕಂತ ಹೋದ್ವಲ್ಲ, ಆವಾಗ ಬಸ್ ಸ್ಟ್ಯಾಂಡಿನಾಗ ಚಾವಿ ಮಾಡಾವನ ಹತ್ರ ಕುಂತು ಓಣಿಯಾಗ ಮನಿಗೊಂದೊಂದು ಮಾಡಿಸಿದ್ವಿ. ಭೀಮು ಹಂಚಲಿಕ್ಕ ಒಯ್ದಾನ."

"ಮನಿಗೊಂದೊಂದು?"

"ಮತ್ತ? ಯಾರಿಗರೆ ಟ್ರಾಲಿ ಬೇಕಾತು, ನೀ ಮಲಗಿದ್ದಿ ಅಂದ್ರ? ಪಾಪ, ದಣದು ಬಂದಾವನ್ನ ಯಾಕ ಎಬ್ಬಸಬೇಕು? ಕಳ್ಳರ ಕಾಟಾನೂ ತಪ್ತು, ನಿನ್ನ ನಿದ್ದೀನೂ ಉಳೀತು."

ಅಂಬರೇಶ ಗೋಡೆಗೊರಗಿದ. "ಅಂದ್ರ ಫೋಟೋ ಹಿಂದಿಂದು?"

"ಮಾಡಿಸಿದ್ರಾಗ ಒಂದು ಕಮ್ಮಿ ಬಿತ್ತು ನೋಡು. ಅವನ ಹತ್ರ ಸಾಮಾನ ಮುಗೀತು. ಅದಕ್ಕ ಫೋಟೋ ಹಿಂದಿನ ಅಸಲೀದೇ ನಮ್ಮ ಓಣಿ ಅಂಬುಬಾಯಿಗಿ ಕಳಿಸಿದೆ. ನಿನ್ನ ಹತ್ರ ಜೇಬಿನಾಗ ಒಂದು ಅದಲ್ಲ!"

ಅಂಬರೇಶ ಅಂಗಳಕ್ಕೆ ಓಡಿದ. ಹಣಮವ್ವ ಹಂಡೆಯನ್ನು ಜಾಲಾಡಿಸಿ, ಆ ನೀರನ್ನು ಫರಸಿ ಮುರಿದ ಗಟಾರಕ್ಕೇ ಸುರಿದು, ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು.

"ಏನೋ ಠಣ್ ಅಂತಪ್ಪಾ," ಎಂದಳು. "ಚಮಚ ಇರಬೇಕು ಅಂದೆ."

ಕಾಕಾ ತಂಗಿಯ ಮನೆಯಲ್ಲೇ ಉಳಿದರು. ಉಳಿಯುವ ಮೊದಲು, "ದಾರಿಯಾಗ ಕಳ್ಳರು ಇರ್ತಾರ" ಎಂದು ತಾವೇ ಟ್ರಾಲಿ ಜೋಡಿಸಿ, ಕೀಲಿ ಹಾಕಿ, ಜಗ್ಗಿ ನೋಡಿ, ಚಾವಿಯನ್ನು ಎಲೆಯಡಿಕೆಯ ನಡುವೆ ಮರಳಿ ಇಟ್ಟುಕೊಂಡರು.

ಸಂಜೆ ಅಂಬರೇಶ ಕುರಕುಂಟಾ ಸೇರಿದಾಗ ಅವನ ಬಾಯಲ್ಲಿ ಹಣಮವ್ವ ಕೊಟ್ಟ ಹೋಳಿಗೆಯ ಸಿಹಿ ಇನ್ನೂ ಉಳಿದಿತ್ತು. ಕೆಲಸ ಸಿಕ್ಕಿತ್ತು. ಸೀಜನ್ ಕಣ್ಣೆದುರಿಗಿತ್ತು. ಆದರೆ ಟ್ರಾಲಿ ಕಟ್ಟಿಕೊಂಡು ಗಾಡಿ ಅವನ ಅಂಗಳಕ್ಕೆ ತಿರುಗುವುದಿಲ್ಲ; ಎರಡನ್ನೂ ಬೇರೆಬೇರೆ ಒಳತಂದು ಆಮೇಲೆ ಜೋಡಿಸಬೇಕು, ಪಿನ್ನು ತೆಗೆಯಲೇಬೇಕು. ಕಟ್ಟೆಯ ಮೇಲೆ ಭೀಮು ಕೊರಳಿನ ದಾರಕ್ಕೆ ಹೊಸ ಚಾವಿ ಕಟ್ಟಿಕೊಂಡು ಕುಳಿತಿದ್ದ. ಅವನನ್ನು ಕೇಳಲು ಅಂಬರೇಶನಿಗೆ ಮನಸ್ಸಾಗಲಿಲ್ಲ. ನೇರವಾಗಿ ಅಂಬುಬಾಯಿಯ ಮನೆಗೆ ಹೋದ. ಕಳೆದ ದೀಪಾವಳಿಯಲ್ಲಿ ಒಯ್ದಿದ್ದ ಚಂದ್ರಕಲಾಳ ಕಡಾಯಿ ಅಲ್ಲಿ ಗೂಟಕ್ಕೆ ತೂಗುತ್ತಿತ್ತು. ಅದರ ಪಕ್ಕದಲ್ಲೇ ಅವನ ಅಸಲಿ ಚಾವಿ.

"ಅತ್ತಿ, ಟ್ರಾಲಿ ಚಾವಿ ಸ್ವಲ್ಪ ಕೊಡ್ತೀರೇನು?"

ಅಂಬುಬಾಯಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಚಾವಿಯನ್ನು ಗೂಟದಿಂದ ತೆಗೆದು, ಅವನ ಅಂಗೈಯಲ್ಲಿಟ್ಟು, ಆದರೆ ಇನ್ನೂ ಬಿಡದೆ ಹಿಡಿದುಕೊಂಡು ಹೇಳಿದಳು:

"ಒಯ್ಯಿ ಮಗಾ, ಬ್ಯಾಡಂದವರ್ಯಾರು? ಆದ್ರ ಕೆಲಸ ಮುಗದ ಕೂಡ್ಲೇ ತಂದ್ ಕೊಡು. ಈ ಓಣಿ ಮಂದೀದು ಒಂದು ಭಾಳ ಕೆಟ್ಟ ಚಾಳಿ ಅದ ನೋಡು, ಮಂದಿ ಸಾಮಾನ ಒಯ್ತಾರ, ತಿರುಗಿ ಕೊಡಂಗಿಲ್ಲ."